ಬಾವಿಯ ನಡುವಿನ ಚಪ್ಪಡಿ

ಹೋದ ತಿಂಗಳು ನಮ್ಮೂರಿನ ಚಾವಡಿಯಲ್ಲಿ ನಮ್ಮಣ್ಣನ ಫೋಟೋಗೆ ಹಾರ ಹಾಕಿದರು. ಹಾಕಿದವರು ಪಟೇಲರಾದ ಮುರುಗಪ್ಪನವರು. "ನಮ್ಮೂರಿಂದ ನಾರುಹುಣ್ಣು ಓಡಿಸಿದ ಪುಣ್ಯಾತ್ಮ" ಎಂದು ಅವರು ಹೇಳುತ್ತಿದ್ದರೆ ನನಗೆ ಮೈಯೆಲ್ಲ ಉರಿಯುತ್ತಿತ್ತು. ನನ್ನ ಎಡಮಂಡಿ ಮಡಚುವುದಿಲ್ಲ, ಏಳಬೇಕಾದರೆ ಪಕ್ಕದವರನ್ನು ಹಿಡಿದುಕೊಂಡೇ ಏಳಬೇಕು. ಹಾಗೆ ಎಲ್ಲರೂ ನೋಡುತ್ತಿರುವಾಗಲೇ ಎದ್ದು ಬಂದೆ. ಹೆಣ್ಣುಮಗಳಿಗೆ ಇಷ್ಟು ಸಿಟ್ಟು ಒಳ್ಳೆಯದಲ್ಲ ಎಂದು ಹಿಂದಿನಿಂದ ಯಾರೋ ಅಂದರು. ಅನ್ನಲಿ.

ಊರು ಭರಮಸಾಗರದ ಹತ್ತಿರ. ಹೆಸರು ಬರೆಯುವುದಿಲ್ಲ, ಬರೆದರೆ ಅದಕ್ಕೂ ಒಂದು ಹಾರ ಹಾಕಿಕೊಳ್ಳುತ್ತಾರೆ. ನಮ್ಮಣ್ಣನ ಹೆಸರು ರೇವಣಸಿದ್ದಪ್ಪ. ಬೆಂಗಳೂರಿನಲ್ಲಿ ಡಾಕ್ಟರಿಕೆ ಓದಿ, ಅದು ಸಾಲದೆಂದು ಮದರಾಸಿಗೆ ಹೋಗಿ ವಿಶ್ವವಿದ್ಯಾಲಯದಲ್ಲಿ ಸಾರ್ವಜನಿಕ ಆರೋಗ್ಯದ ಶಾಸ್ತ್ರ ಓದಿದವನು. ಹೋದ ವರ್ಷ ಹಿರಿಯೂರಿನ ಕಡೆ ಕಾಲರಾ ಎದ್ದಾಗ ಅಲ್ಲಿಗೆ ಹೋದವನು ತಿರುಗಿ ಬರಲಿಲ್ಲ. ನಾನು ಚಂದ್ರಕ್ಕ, ಅವನ ತಂಗಿ. ದುರ್ಗದ ಹೆಣ್ಣುಮಕ್ಕಳ ಶಾಲೆಯಲ್ಲಿ ಪಾಠ ಹೇಳುತ್ತೇನೆ. ಮದುವೆಯಾಗಲಿಲ್ಲ. ಮಂಡಿ ಮಡಚದವಳನ್ನು ಯಾರು ಮಾಡಿಕೊಳ್ಳುತ್ತಾರೆ?

ಈ ಮಂಡಿಯ ಕಥೆಯಿಂದಲೇ ಶುರು ಮಾಡಬೇಕು.

ನಮ್ಮ ಕಡೆ ನಾರುಹುಣ್ಣು ಬರದ ಮನೆಯೇ ಇರಲಿಲ್ಲ. ಮೊದಲು ಕಾಲಿನಲ್ಲಿ ಉರಿ, ಆಮೇಲೆ ಬೊಕ್ಕೆ, ಬೊಕ್ಕೆ ಒಡೆದರೆ ಅದರೊಳಗಿಂದ ಬಿಳಿ ದಾರದಂಥ ಹುಳ ತಲೆ ಹಾಕುತ್ತದೆ. ಅದನ್ನು ಕಡ್ಡಿಗೆ ಸುತ್ತಿ ದಿನಕ್ಕಿಷ್ಟು ಎಂದು ಎಳೆಯಬೇಕು. ನಡುವೆ ಕಿತ್ತರೆ ಕಾಲು ಕೊಳೆಯುತ್ತದೆ. ನನ್ನ ಮಂಡಿಯ ಹತ್ತಿರ ಬಂದ ಹುಳ ಹಾಗೇ ನಡುವೆ ಕಿತ್ತುಹೋಯಿತು. ಕೀವು ತುಂಬಿ ನಾನು ತಿಂಗಳುಗಟ್ಟಲೆ ಮಲಗಿದೆ. ಎದ್ದಾಗ ಮಂಡಿ ಮರದ ಕೊರಡಾಗಿತ್ತು.

ತೆಗೆದ ಹುಳವನ್ನು ನಮ್ಮೂರಲ್ಲಿ ಕಂಡಕಂಡಲ್ಲಿ ಬಿಸಾಡುವಂತಿರಲಿಲ್ಲ. ಅದು ಗಂಗಮ್ಮನದು, ಗಂಗಮ್ಮನಿಗೇ ಒಪ್ಪಿಸಬೇಕು ಎನ್ನುತ್ತಿದ್ದರು. ಬಾವಿಯ ಮೆಟ್ಟಿಲಿಳಿದು, ನೋಯುವ ಕಾಲನ್ನು ತಣ್ಣನೆಯ ನೀರಿನಲ್ಲಿ ಅದ್ದಿ, ಹುಳ ಸುತ್ತಿದ ಕಡ್ಡಿಯನ್ನು ಅರಿಶಿನ ಕುಂಕುಮದ ಜೊತೆ ನೀರಿಗೆ ಬಿಟ್ಟು, ಅದೇ ನೀರನ್ನು ಕೊಡಕ್ಕೆ ತುಂಬಿಕೊಂಡು ಮನೆಗೆ ಬರುತ್ತಿದ್ದರು. ನನಗೆ ನಡೆಯಲು ಆಗುತ್ತಿರಲಿಲ್ಲವಾದ್ದರಿಂದ ನನ್ನ ಹುಳವನ್ನು ಗಂಗಮ್ಮನಿಗೆ ಒಪ್ಪಿಸಿ ಬಂದವನು ಅಣ್ಣ.

ಮದರಾಸಿನಲ್ಲಿ ಮೇಷ್ಟರು ಸೂಕ್ಷ್ಮದರ್ಶಕದ ಕೆಳಗೆ ಒಂದು ತೊಟ್ಟು ನೀರಿಟ್ಟು ತೋರಿಸಿದರಂತೆ. ನೀರಿನಲ್ಲಿ ಓಡಾಡುವ ಒಂದು ಸಣ್ಣ ಚಿಗಟ, ಅದರ ಹೊಟ್ಟೆಯೊಳಗೆ ನಾರುಹುಳದ ಮರಿ. ಹುಣ್ಣಿನ ಕಾಲನ್ನು ನೀರಿಗಿಟ್ಟರೆ ಹುಳ ಮರಿ ಹಾಕುತ್ತದೆ, ಮರಿಯನ್ನು ಚಿಗಟ ನುಂಗುತ್ತದೆ, ಚಿಗಟವನ್ನು ನಾವು ಕುಡಿಯುತ್ತೇವೆ, ವರ್ಷ ತುಂಬುವುದರೊಳಗೆ ಅದು ನಮ್ಮ ಕಾಲಿನಲ್ಲಿ ಏಳುತ್ತದೆ. ರಜೆಗೆ ಬಂದವನು ನನ್ನ ಮುಂದೆ ಕೂತು ಇದನ್ನೆಲ್ಲ ಹೇಳಿದ.

"ಚಂದ್ರಿ, ನಿನ್ನ ಹುಳಾನ ನಾನೇ ಊರಿಗೆಲ್ಲ ಕುಡಿಸಿದೆ" ಎಂದ. ಅವನಿಗೆ ಅಳು ಬರುತ್ತಿರಲಿಲ್ಲ, ಸಿಟ್ಟು ಬರುತ್ತಿತ್ತು. ನಮ್ಮ ಮನೆಯವರೆಲ್ಲ ಹಾಗೇ.

ಪರೀಕ್ಷೆಯಲ್ಲೂ ಅದೇ ಪ್ರಶ್ನೆ ಬಂತಂತೆ: ಮೆಟ್ಟಿಲು ಬಾವಿಯನ್ನು ಸೇದುವ ಬಾವಿ ಮಾಡುವುದು ಹೇಗೆ, ಚಿತ್ರ ಬರೆದು ವಿವರಿಸಿ. ಅಣ್ಣ ಬರೆದ. ಮೆಟ್ಟಿಲಿಗೆ ಗೋಡೆ, ಬಾಯಿಗೆ ಕಟ್ಟೆ, ಕಟ್ಟೆಯ ಮೇಲೆ ಒಂದು ರಾಟೆ, ಸುತ್ತ ನೀರು ನಿಲ್ಲದಂತೆ ಕಲ್ಲುಹಾಸು. ಯಾರೂ ಕಾಲು ಅದ್ದುವಂತಿಲ್ಲ, ಹುಳಕ್ಕೆ ದಾರಿಯೇ ಇಲ್ಲ. ಉತ್ತರ ತುಂಬ ಚೆನ್ನಾಗಿದೆ ಎಂದು ಮೇಷ್ಟರು ಬೆನ್ನು ತಟ್ಟಿದರಂತೆ. ಆ ಚಿತ್ರದಲ್ಲಿ ಬಾವಿ ಇತ್ತು, ಊರು ಇರಲಿಲ್ಲ.

ನಮ್ಮೂರಿನ ಬಾವಿಯನ್ನು ಕಟ್ಟಿಸಿದವರು ನಮ್ಮ ತಾತ, ದೊಡ್ಡ ಬರದ ವರ್ಷದಲ್ಲಿ. ಅಗೆದವರು ಊರಾಚೆಯ ಕೇರಿಯ ಜನ. ಅವರ ಬೆವರು ಬಿದ್ದ ಬಾವಿಯ ನೀರನ್ನು ಅವರೇ ಮುಟ್ಟಬಾರದೆಂದು ಊರವರು ಹಟ ಹಿಡಿದು ಕೂತರು. ತಾತ ಒಂದು ಉಪಾಯ ಮಾಡಿದರು. ಮೂಡಲಿಗೆ ಅಗಲವಾದ ಮೆಟ್ಟಿಲು ಊರಿಗೆ, ಪಡುವಲಿಗೆ ಕಿರಿದಾದ ಮೆಟ್ಟಿಲು ಕೇರಿಗೆ. ನಡುವೆ ಎರಡು ಪಕ್ಕದ ಗೋಡೆಗೂ ಸಿಕ್ಕಿಸಿ ಒಂದು ಉದ್ದನೆಯ ಚಪ್ಪಡಿ ನಿಲ್ಲಿಸಿದರು. ಆ ಕಡೆಯ ನೀರು ಆ ಕಡೆಗೆ, ಈ ಕಡೆಯ ನೀರು ಈ ಕಡೆಗೆ. ಬೇಸಿಗೆಯಲ್ಲಿ ನೀರು ಇಳಿದಾಗ ಚಪ್ಪಡಿ ಗಾಳಿಯಲ್ಲಿ ನಿಂತಿರುತ್ತಿತ್ತು, ಅದರ ಕೆಳಗೆ ನೀರು ಒಂದೇ. ಆದರೂ ಯಾರಿಗೂ ಮೈಲಿಗೆ ಆಗುತ್ತಿರಲಿಲ್ಲ. ನೋಡಿ, ಎಂಥ ಬುದ್ಧಿವಂತರ ಊರು.

ಅಣ್ಣ ಓದು ಮುಗಿಸಿ ಆರೋಗ್ಯಾಧಿಕಾರಿಯಾಗಿ ಬಂದು ಮೊದಲು ಕೈ ಹಾಕಿದ್ದೇ ಈ ಬಾವಿಗೆ. ನಮ್ಮಪ್ಪ ಜಂಬಣ್ಣನವರು ಕೆರಳಿದರು.

"ನಮ್ಮಪ್ಪ ಕಟ್ಸಿದ ಮೆಟ್ಲು ಮುಚ್ಚಲಿ ಅಂತ ನಿನ್ನ ಮದ್ರಾಸಿಗೆ ಕಳ್ಸಿದ್ನೇನಲೇ?"

"ನಿಮ್ಮಪ್ಪ ಕಟ್ಸಿದ ಮೆಟ್ಲೇ ನಿಮ್ಮ ಮಗಳ ಕಾಲು ತಿಂದಿದ್ದು" ಎಂದ ಅಣ್ಣ. ಅಪ್ಪ ನನ್ನ ಕಡೆ ನೋಡಿ ಎದ್ದು ಹೊರಗೆ ಹೋದರು.

ಮುರುಗಪ್ಪನವರು ಮಾತ್ರ ತಕ್ಷಣ ಒಪ್ಪಿದರು. ಅಷ್ಟು ಬೇಗ ಅವರು ಯಾವುದಕ್ಕೂ ಒಪ್ಪಿದವರಲ್ಲ. ಆಗಲೇ ಅನುಮಾನ ಬರಬೇಕಿತ್ತು. ಅಣ್ಣನಿಗೆ ಅನುಮಾನ ಬರಲಿಲ್ಲ, ಹುಮ್ಮಸ್ಸಿನಲ್ಲಿದ್ದ. ಎರಡು ಕಡೆಯ ಮೆಟ್ಟಿಲಿಗೂ ಗೋಡೆ ಎದ್ದಿತು. ನಡುವಿನ ಚಪ್ಪಡಿಯನ್ನು ನೋಡಿ, "ಇದೆಂಥ ಮೌಢ್ಯ, ತೆಗೀರಿ ಇದನ್ನ" ಎಂದು ಹಗ್ಗ ಹಾಕಿಸಿ ಮೇಲಕ್ಕೆ ಎಳೆಸಿದ. ರಾಟೆಯ ಕೆಳಗೆ ಕೊಡ ಇಡಲು ಅದನ್ನೇ ಹಾಸಿದರು. ಗಡಿಕಲ್ಲು ಹಾಸುಗಲ್ಲಾಯಿತು ಎಂದು ಅವನಿಗೆ ಬಲು ಹೆಮ್ಮೆ. ಚಿತ್ರದಲ್ಲಿದ್ದಂತೆ ರಾಟೆ ಒಂದೇ. ಇನ್ನು ಮೇಲೆ ಎಲ್ಲರೂ ಒಂದೇ ಹಗ್ಗದಲ್ಲಿ ಸೇದುತ್ತಾರೆ ಎಂದುಕೊಂಡು ಹೊಸದುರ್ಗ, ಹೊಳಲ್ಕೆರೆ ತಾಲ್ಲೂಕುಗಳ ಬಾವಿಗಳನ್ನು ನೋಡಲು ಹೊರಟುಹೋದ.

ವರ್ಷ ಕಳೆಯಿತು, ಎರಡನೆಯ ವರ್ಷವೂ ಕಳೆಯಿತು. ಊರಿನಲ್ಲಿ ನಾರುಹುಣ್ಣು ನಿಂತಿತು. ನಿಂತಿದ್ದು ಸುಳ್ಳಲ್ಲ. ಪಟೇಲರು ಮೇಲಕ್ಕೆ ಹಾಗೆಂದು ವರದಿ ಕಳಿಸಿದರು, ಮೇಲಿನವರು ಅಣ್ಣನನ್ನು ಮೆಚ್ಚಿಕೊಂಡರು.

ಅದೇ ಬೇಸಿಗೆಯಲ್ಲಿ ನಾನು ರಜೆಗೆ ಊರಿಗೆ ಬರುತ್ತಿದ್ದಾಗ ಭರಮಸಾಗರದ ಕೆರೆ ಏರಿಯ ಮೇಲೆ ಓಬಕ್ಕ ಸಿಕ್ಕಳು. ಕೇರಿಯವಳು, ನಮ್ಮ ಕಣದಲ್ಲಿ ರಾಗಿ ತೂರಿ ಬೆಳೆದವಳು. ಕಾಲಿಗೆ ಎಲೆ ಕಟ್ಟಿಕೊಂಡು ಕುಂಟುತ್ತಿದ್ದಳು. ನಾನು ಗಾಡಿ ನಿಲ್ಲಿಸಿದೆ.

"ಇದೇನು ಓಬಕ್ಕ? ನಾರುಹುಣ್ಣು ಹೋತು ಅಂತಾರಲ್ಲ ಎಲ್ಲರೂ" ಎಂದು ಕೇಳಿದೆ.

"ಊರಿಂದು ಹೋತವ್ವ. ನಮ್ಮದು ಎಲ್ಲಿಗೆ ಹೋಗ್ತೈತೆ?"

"ಬಾವಿ ನೀರು ಸೇದ್ತಿಲ್ವ?"

"ನಮ್ಮ ಮೆಟ್ಲು ನಿಮ್ಮಣ್ಣಾರು ಮುಚ್ಸಿದ್ರು. ಹಗ್ಗ ಮುಟ್ಟಬ್ಯಾಡ್ರಿ ಅಂತ ಪಟೇಲ್ರು ಅಂದ್ರು. ಕಲ್ಲು ಒಡ್ದ ಗುಂಡಿ ಐತಲ್ಲ, ಅದ್ರಾಗೆ ಇಳ್ದು ತುಂಬ್ಕಂತೀವಿ." ಕಾಲಿನ ಎಲೆ ಬಿಗಿ ಮಾಡಿಕೊಂಡು, "ನಮ್ಮ ದ್ಯಾಮಿ ಹೋದ್ಲು, ಗೊತ್ತೇನವ್ವ ನಿಂಗೆ?" ಎಂದಳು.

ನನಗೆ ಗೊತ್ತಿರಲಿಲ್ಲ. ದ್ಯಾಮವ್ವ ಅವಳಿಗಿದ್ದ ಒಬ್ಬಳೇ ಮಗಳು. ಕಾಲಿನ ಹುಣ್ಣಿಗೆ ಧನುರ್ವಾಯು ಏರಿ, ಹಲ್ಲು ಕಚ್ಚಿಕೊಂಡು, ಬೆನ್ನು ಬಿಲ್ಲಾಗಿ ಸತ್ತಿದ್ದಳು. ಮದುವೆ ಗೊತ್ತಾಗಿತ್ತಂತೆ. ವರದಿಯಲ್ಲಿ ಅದು ಬರಲಿಲ್ಲ, ಯಾಕೆಂದರೆ ವರದಿ ಬರೆಯುವವರಿಗೆ ಊರು ಎಂದರೆ ಅಗಸೆಬಾಗಿಲಿನ ಒಳಗಿನದು ಮಾತ್ರ.

ನಾನು ಹೊಸದುರ್ಗಕ್ಕೆ ಆಳು ಕಳಿಸಿ ಅಣ್ಣನನ್ನು ಕರೆಸಿದೆ. ಬಂದವನು ಮನೆಗೂ ಬರದೆ ಗುಂಡಿಯ ಹತ್ತಿರ ಹೋಗಿ ಒಂದು ಲೋಟ ನೀರು ಎತ್ತಿ, ಬಿಸಿಲಿಗೆ ಹಿಡಿದು ನೋಡಿದ. ಆಮೇಲೆ ನೇರವಾಗಿ ಬಾವಿಕಟ್ಟೆಗೆ ನಡೆದ. ಮುರುಗಪ್ಪನವರನ್ನು, ನಮ್ಮಪ್ಪನನ್ನು, ಊರಿನ ನಾಲ್ಕು ಜನರನ್ನು ಅಲ್ಲಿಗೇ ಕರೆಸಿದ. ಓಬಕ್ಕ ದೂರದ ಹುಣಸೆಮರದ ಕೆಳಗೆ ಕೂತಳು.

"ಪಡುವಲಿಗೆ ಇನ್ನೊಂದು ರಾಟೆ ಹಾಕಿಸ್ತೀನಿ. ಕೇರಿಯೋರು ಅಲ್ಲಿ ಸೇದ್ಕಳ್ಲಿ" ಎಂದ.

"ಅದೆಂಗಾಗ್ತೈತೆ ಡಾಕ್ಟ್ರೇ, ನೀರು ಒಂದೇ ಅಲ್ವಾ" ಎಂದರು ಮುರುಗಪ್ಪನವರು, ನಯವಾಗಿ.

"ಮೊದ್ಲು ಎರಡಿತ್ತಾ?"

"ಮೊದ್ಲು ನಡುವೆ ಚಪ್ಪಡಿ ಇತ್ತು. ತೆಗೆಸ್ದೋರು ನೀವೇ. ನಾವೇನು ಮಾಡಾಣ ಹೇಳ್ರಿ."

ಅಣ್ಣ ತಾನು ನಿಂತಿದ್ದ ಕಲ್ಲನ್ನು ನೋಡಿದ. ನಿಂತಿದ್ದುದು ಆ ಚಪ್ಪಡಿಯ ಮೇಲೆಯೇ. ಅವನ ಮುಖ ಅಷ್ಟು ಕಪ್ಪಿಟ್ಟದ್ದನ್ನು ನಾನು ಎಂದೂ ನೋಡಿರಲಿಲ್ಲ. ಪಟೇಲರು ಅಂದು ಅಷ್ಟು ಬೇಗ ಒಪ್ಪಿದ್ದು ಯಾಕೆಂದು ಅವನಿಗೆ ಆಗ ತಿಳಿಯಿತು. ತಾತನ ಕಾಲದಿಂದ ಅವರ ಮನೆತನದ ಗಂಟಲಲ್ಲಿ ಮುಳ್ಳಾಗಿ ಸಿಕ್ಕಿದ್ದ ಕೇರಿಯ ಮೆಟ್ಟಿಲನ್ನು ಇವನು ಮದರಾಸಿನಲ್ಲಿ ಓದಿ ಬಂದು ತೆಗೆದುಕೊಟ್ಟಿದ್ದ.

"ಹಂಗಾದ್ರೆ ಗೋಡೆ ಒಡೆಸ್ತೀನಿ" ಎಂದು ಅಣ್ಣ ಕಿರುಚಿದ. "ಎರಡು ಕಡೆ ಮೆಟ್ಲೂ ತೆಗೆಸ್ತೀನಿ. ಅವ್ರ ಕಾಲಲ್ಲಿ ಬಂದಿದ್ದು ನಿಮ್ಮ ಕಾಲಲ್ಲೂ ಬರ್ಲಿ. ದ್ಯಾಮಿ ಸತ್ತಂಗೆ ನಿಮ್ಮ ಮಕ್ಕಳೂ..."

"ಬ್ಯಾಡ ಸಾಮಿ." ಹುಣಸೆಮರದ ಕೆಳಗಿಂದ ಓಬಕ್ಕ ಎದ್ದು ನಿಂತಿದ್ದಳು. "ಒಡೀಬ್ಯಾಡ್ರಿ. ಹುಳ ತಿರುಗಾ ಊರಿಗೆ ಬಂದ್ರೆ ಅದೂ ನಮ್ಮ ತಲೆ ಮ್ಯಾಲೇ ಬರ್ತೈತೆ. ನಮ್ಗೆ ನೀರು ಬೇಕು ಅಷ್ಟೇ."

ನಮ್ಮಪ್ಪ ನಿಧಾನವಾಗಿ ಹೆಗಲ ಮೇಲಿನ ಟವೆಲ್ಲು ತೆಗೆದು ತಲೆಗೆ ಸುತ್ತಿಕೊಂಡರು.

"ಲೇ ರೇವಣ್ಣ, ನಮ್ಮಪ್ಪ ಆ ಕಲ್ಲು ನಿಲ್ಸಿದ್ದು ಮೈಲಿಗೆ ನಂಬಿ ಅಲ್ಲ. ಕೇರಿಯೋರಿಗೆ ನೀರು ಕೊಡ್ಸಕ್ಕೆ ಇವ್ರ ಬಾಯಿ ಮುಚ್ಚಬೇಕಿತ್ತು, ಅದಕ್ಕೆ ನಿಲ್ಸಿದ್ರು. ತೆಗೆಯೋಕೆ ಮುಂಚೆ ನನ್ನ ಒಂದು ಮಾತು ಕೇಳಿದ್ರೆ ಹೇಳ್ತಿದ್ದೆ. ನೀನು ಕೇಳ್ಲಿಲ್ಲ. ಈಗ ಹಾರೆ ತಗಂಬಾ."

ಅಣ್ಣ ಅಲ್ಲಾಡಲಿಲ್ಲ. ಆ ಕಲ್ಲನ್ನು ಮತ್ತೆ ನಿಲ್ಲಿಸುವುದೆಂದರೆ ತಾನು ಓದಿದ್ದಕ್ಕೆಲ್ಲ ತಾನೇ ಉಗಿದ ಹಾಗೆ. ಅವನು ಓಬಕ್ಕನ ಕಾಲಿಗೆ ಕಟ್ಟಿದ್ದ ಎಲೆಯನ್ನು ನೋಡಿದ, ನನ್ನ ಮಂಡಿಯನ್ನು ನೋಡಿದ. ಕೋಟು ಬಿಚ್ಚಿ ನನ್ನ ಕೈಗೆ ಕೊಟ್ಟು, ಹಾರೆ ಹಿಡಿದು, ತಾನೇ ಚಪ್ಪಡಿಯ ಅಂಚಿಗೆ ಹಾಕಿ ಮೀಟಿದ. ಅಪ್ಪ ಇನ್ನೊಂದು ಕಡೆ ನಿಂತರು. ಊರವರು ನೋಡುತ್ತ ನಿಂತರು, ಒಬ್ಬರೂ ಕೈ ಹಾಕಲಿಲ್ಲ. ಕೊನೆಗೆ ಕೇರಿಯಿಂದ ಗಂಡಸರು ಬಂದು ಎತ್ತಿದರು.

ಈ ಸಲ ಒಳಗೆ ಇಳಿಸಲಿಲ್ಲ, ಬಾವಿಯ ಬಾಯಿಗೇ ಅಡ್ಡಲಾಗಿ ಎತ್ತರಕ್ಕೆ ನಿಲ್ಲಿಸಿದರು. ಆ ಕಡೆ ಒಂದು ರಾಟೆ, ಈ ಕಡೆ ಒಂದು ರಾಟೆ. ಕೊಡಗಳು ಮುಳುಗುವುದು ಒಂದೇ ನೀರಿನಲ್ಲಿ. ಚಪ್ಪಡಿಯ ನೆಪ ಹೇಳಿದ್ದ ಮುರುಗಪ್ಪನವರು ಒಪ್ಪಿ ಮನೆಗೆ ನಡೆದರು. ಕೇರಿಯಲ್ಲೂ ನಾರುಹುಣ್ಣು ನಿಂತಿತು. ಅಣ್ಣ ಮಾತ್ರ ಆಮೇಲೆ ಊರಿಗೆ ಬಂದಾಗಲೆಲ್ಲ ಆ ದಾರಿ ಬಿಟ್ಟು ಸುತ್ತಿಕೊಂಡು ಮನೆಗೆ ಬರುತ್ತಿದ್ದ. ಬೇರೆ ಊರುಗಳಲ್ಲಿ ಬಾವಿಗೆ ಕೈ ಹಾಕುವ ಮುಂಚೆ ಮೊದಲು ಕೇರಿಗೆ ಹೋಗಿ ಕೂತುಕೊಳ್ಳುತ್ತಿದ್ದನಂತೆ. ಅದನ್ನು ಯಾವ ವಿಶ್ವವಿದ್ಯಾಲಯವೂ ಕಲಿಸಲಿಲ್ಲ, ದ್ಯಾಮಿ ಸತ್ತು ಕಲಿಸಿದಳು. ಇಷ್ಟು ದುಬಾರಿ ಪಾಠ ಅವನಿಗೇಕೆ ಬೇಕಾಯಿತು ಎಂದು ನನಗೆ ಅವನ ಮೇಲೂ ಸಿಟ್ಟಿದೆ. ಸತ್ತವನ ಮೇಲೆ ಸಿಟ್ಟಿಟ್ಟುಕೊಳ್ಳಬಾರದು ಎನ್ನುತ್ತಾರೆ. ನಾನು ಇಟ್ಟುಕೊಂಡಿದ್ದೇನೆ.

ಹಾರ ಹಾಕಿದ ಮಾರನೆಯ ದಿನ ಮುರುಗಪ್ಪನವರು ಮನೆಗೆ ಬಂದರು. ನಾನು ಸಭೆಯಿಂದ ಎದ್ದು ಬಂದದ್ದು ಅವರಿಗೆ ಗೊತ್ತೇ ಇಲ್ಲವೇನೋ ಎಂಬಂತೆ ನಗುತ್ತಿದ್ದರು. "ಕುಂತ್ಕಳ್ರಿ" ಎಂದೆ. ಕೂತರು.

"ಊರೋರೆಲ್ಲ ಸೇರಿ ಒಂದು ತೀರ್ಮಾನ ಮಾಡೀವಮ್ಮ. ಬಾವಿ ಮ್ಯಾಲೆ ಆ ಚಪ್ಪಡಿ ಐತಲ್ಲ, ಅದ್ರ ಮ್ಯಾಲೆ ಹೆಸ್ರು ಕೆತ್ತಿಸಾಣ ಅಂತ. ಬಂದೋರಿಗೆಲ್ಲ ಕಾಣ್ತೈತೆ. ನೀನು ಓದ್ದಾಕಿ, ಏನಂತ ಕೆತ್ತಿಸ್ಬೇಕು ನೀನೇ ಹೇಳಮ್ಮ."

ಅಣ್ಣನ ಹೆಸರನ್ನು ಆ ಕಲ್ಲಿನ ಮೇಲೆ. ಬಾಯಿಗೆ ಬಂದದ್ದನ್ನೆಲ್ಲ ನುಂಗಿಕೊಂಡೆ.

"ದ್ಯಾಮವ್ವ ಅಂತ ಕೆತ್ತಿಸ್ರಿ" ಎಂದೆ.

ಮುರುಗಪ್ಪನವರು ನಗುವುದನ್ನು ನಿಲ್ಲಿಸಿ, ಹಣೆ ಉಜ್ಜಿಕೊಂಡು ನಿಜವಾಗಿಯೇ ಯೋಚನೆ ಮಾಡಿದರು. ನಮ್ಮ ವಂಶದಲ್ಲಿ ಆ ಹೆಸರಿನವರು ಯಾರಿದ್ದರು ಎಂದು ಹುಡುಕುತ್ತಿದ್ದರೆಂದು ಕಾಣುತ್ತದೆ.

"ಅದು ಯಾರಮ್ಮ?" ಎಂದು ಕೇಳಿದರು.