ಹೊಳೆದಂಡೆಯ ಬುತ್ತಿ

ರೊಟ್ಟಿ ಬಡಿಯುವ ಸದ್ದು ಕೇಳಿದರೆ ಬಾಯಲ್ಲಿ ನೀರೂರುವುದು ನಮ್ಮ ಸೀಮೆಯವರ ಹುಟ್ಟುಗುಣ. ಆದರೆ ಒಂದು ಬೇಸಗೆಯಲ್ಲಿ ಆ ಸದ್ದು ಕೇಳಿದರೆ ಸಾಕು, ನನ್ನ ಎದೆಯೂ ಅದರ ಜೊತೆಗೇ ಬಡಿದುಕೊಳ್ಳುತ್ತಿತ್ತು. ಅಡುಗೆಮನೆಯಲ್ಲಿ ಅಕ್ಕ ರೊಟ್ಟಿ ಬಡಿಯುತ್ತಿದ್ದರೆ ಪಡಸಾಲೆಯಲ್ಲಿ ಕೂತ ನಾನು, ಹಿಟ್ಟಿಗೆ ಸುರಿದ ನೀರು ಕುದಿಸಿದ್ದೋ ಅಲ್ಲವೋ ಎಂದು ಚಿಂತಿಸುತ್ತಿದ್ದೆ. ಜೋಳದ ಹಿಟ್ಟನ್ನು ಕುದಿನೀರಿನಲ್ಲೇ ನಾದುತ್ತಾರೆಂದು ನನಗೆ ಗೊತ್ತಿರಲಿಲ್ಲವೇ? ಚೆನ್ನಾಗಿ ಗೊತ್ತಿತ್ತು. ಹೆದರಿಕೆಗೂ ತಿಳಿವಳಿಕೆಗೂ ಮಾತುಕತೆ ಇರುವುದು ಕಡಿಮೆ.

ನಗಬೇಡಿ, ನನ್ನ ಹೆದರಿಕೆಗೆ ಕಾರಣವಿತ್ತು. ಅದರ ಹಿಂದಿನ ವರ್ಷ ನಮ್ಮೂರು ಹೊಸಪೇಟೆಯಲ್ಲಿ ವಾಂತಿಭೇದಿ ಬಿದ್ದಿತ್ತು. ನನ್ನ ಪಕ್ಕದಲ್ಲಿ ಕೂತು ಮಧ್ಯಾಹ್ನದ ಊಟ ಮಾಡಿದ ನಮ್ಮಣ್ಣ ಮರುದಿನ ಮಧ್ಯಾಹ್ನಕ್ಕೆ ಇರಲಿಲ್ಲ. ಇಬ್ಬರೂ ಉಂಡದ್ದು ಒಂದೇ ಅಡುಗೆ, ಕುಡಿದದ್ದು ಒಂದೇ ಕೊಡದ ನೀರು. ಅವನು ಹೋದ, ನಾನು ಉಳಿದೆ. ಯಾಕೆ ಹಾಗಾಯಿತೆಂದು ಹೇಳಬಲ್ಲವರು ಯಾರೂ ಇರಲಿಲ್ಲ. ಕಾರಣ ತಿಳಿಯದವನಿಗೆ ಎಲ್ಲವೂ ಕಾರಣವಾಗಿ ಕಾಣಿಸುತ್ತದೆ. ಮೊದಲು ನೀರನ್ನು ಸಂಶಯಿಸಿದೆ, ಆಮೇಲೆ ಮೊಸರನ್ನು, ಆಮೇಲೆ ಹಣ್ಣನ್ನು. ಕೊನೆಗೆ ಮದರಾಸಿನ ಕಾಲೇಜು ಹಾಸ್ಟೆಲಿನಲ್ಲಿ ಗಂಜಿಯೊಂದನ್ನು ನಂಬಿಕೊಂಡು ಬದುಕತೊಡಗಿದೆ. ನಮ್ಮ ಹಳೆಯ ವೈದ್ಯರು ಹೊಟ್ಟೆಯೊಳಗೆ ಒಂದು ಬೆಂಕಿಯಿದೆ ಎನ್ನುತ್ತಾರಲ್ಲ, ನನ್ನದರ ಮೇಲೆ ನಾನೇ ದಿನವೂ ತಣ್ಣೀರು ಚೆಲ್ಲುತ್ತಿದ್ದೆ.

ನಮಗೆ ಇಂಗ್ಲಿಷ್ ಪಾಠ ಹೇಳುತ್ತಿದ್ದ ದೊರೆಯೊಬ್ಬರಿಗೆ ನನ್ನ ಕೆನ್ನೆಯ ಎಲುಬು ಕಂಡು ಮರುಕವಾಯಿತು. ಅವರೂ ಹರೆಯದಲ್ಲಿ ಕಾಯಿಲೆ ಬಿದ್ದು ಒಂದು ಬೇಸಗೆಯನ್ನು ಫ್ರಾನ್ಸಿನ ಯಾವುದೋ ಹಳ್ಳಿಯಲ್ಲಿ ಕಳೆದಿದ್ದರಂತೆ. ಬೆಳಿಗ್ಗೆ ಒಲೆಯಿಂದ ತೆಗೆದ ಬಿಸಿ ಬ್ರೆಡ್ಡು, ಬೆಣ್ಣೆ, ಮಧ್ಯಾಹ್ನ ಗಿಣ್ಣದ ಹಾಗಿರುವ ಚೀಸು, ಗಿಡದಿಂದ ಕಿತ್ತ ಹಣ್ಣು, ಸಂಜೆ ಮರದಡಿಯ ಹರಟೆ. ತಿರುಗಿ ಬಂದಾಗ ಹೋಗುವಾಗಿನ ಕೋಟಿನ ಗುಂಡಿ ಹಾಕಲಿಕ್ಕೆ ಆಗಲಿಲ್ಲವಂತೆ. "ನಿನಗೂ ಒಂದು ಹಳ್ಳಿ ಇದ್ದೇ ಇರಬೇಕಲ್ಲ?" ಎಂದು ಕೇಳಿದರು. ಇತ್ತು. ಕಂಪ್ಲಿಯ ಹತ್ತಿರ ಹೊಳೆದಂಡೆಯ ಹಳ್ಳಿಯೊಂದಕ್ಕೆ ನನ್ನ ಅಕ್ಕ ಗೌರಮ್ಮನನ್ನು ಕೊಟ್ಟಿತ್ತು. ರಜೆ ಬಂದ ಕೂಡಲೇ ಸಾಬೂದಾನಿ, ಬಾರ್ಲಿ, ಅಜೀರ್ಣದ ಮಿಕ್ಸ್ಚರು, ಜ್ವರ ನೋಡುವ ಕಡ್ಡಿ, ಇಷ್ಟನ್ನೂ ಟ್ರಂಕಿನಲ್ಲಿ ತುಂಬಿಕೊಂಡು ರೈಲು ಹತ್ತಿದೆ. ಹಳ್ಳಿಯ ಊಟ ಮಾಡಲು ಹೊರಟವನ ತಯಾರಿ ಇದು!

ಅಕ್ಕನ ಮನೆಯಲ್ಲಿದ್ದವರು ಮೂವರೇ. ಅಕ್ಕ, ಅವಳ ಗಂಡ ಬಸಣ್ಣ ಮಾವ, ಅವಳ ಅತ್ತೆ ಶಿವಗಂಗಮ್ಮ. ಕಬ್ಬು, ಭತ್ತ, ಎರಡು ಎಮ್ಮೆ. ಅಕ್ಕ ಆಗ ಐದು ತಿಂಗಳ ಬಸುರಿ. ಮೊದಲ ದಿನವೇ ನನ್ನ ಮುಂದೆ ಬಿಸಿರೊಟ್ಟಿ, ಎಣ್ಣೆಗಾಯಿ ಬದನೆಕಾಯಿ, ಗುರೆಳ್ಳು ಚಟ್ನಿ, ಕೆನೆಮೊಸರು ಬಂದವು. ನಾನು ಟ್ರಂಕು ತೆರೆದು ಸಾಬೂದಾನಿ ಕೊಟ್ಟೆ. ಶಿವಗಂಗಮ್ಮ ಅದನ್ನು ಅಂಗೈಯಲ್ಲಿ ಹಾಕಿಕೊಂಡು ನೋಡಿದರು.

"ಗೌರಿ, ನಿಮ್ಮ ತಮ್ಮ ನಮ್ಮನಿಗೆ ಉಣ್ಣಾಕ ಬಂದಾನೋ, ಮಲಗಾಕ ಬಂದಾನೋ? ಇದು ಹಾಸಿಗಿ ಹಿಡಿದೋರ ಊಟ."

"ಇರ್ಲಿ ಬಿಡ್ರೀ ಅತ್ತಿ, ನಾಕು ದಿನ ಹೋದ್ರ ಸರಿ ಹೋಕ್ಕಾನ" ಎಂದಳು ಅಕ್ಕ.

ನಾಲ್ಕು ದಿನ ಕಳೆದರೂ ನಾನು ಸರಿಹೋಗಲಿಲ್ಲ. ಬಿಸಿಲು ಏರುವ ಮೊದಲು ಮಾವನ ಜೊತೆ ತೋಟಕ್ಕೆ ಹೋಗುತ್ತಿದ್ದೆ. ಕಾಲುವೆಯ ಪಕ್ಕದ ಬಾಳೆಯ ನೆರಳು, ಎಮ್ಮೆ ಮಿಂದೇಳುವ ಸದ್ದು, ಒಗ್ಗರಣೆ ಹಾಕಿದ ಮಂಡಕ್ಕಿಯ ವಾಸನೆ, ಎಲ್ಲವನ್ನೂ ಅನುಭವಿಸುತ್ತಿದ್ದೆ, ಬಾಯೊಂದನ್ನು ಬಿಟ್ಟು. ವಿಜಯನಗರದ ಪೇಟೆ ನೋಡಿದ ಪರದೇಶದ ಪ್ರಯಾಣಿಕರು ಅಲ್ಲಿಯ ಹಣ್ಣಿನ ರಾಶಿಗಳನ್ನು ಕಂಡು ಬೆರಗಾಗಿ ಬರೆದಿಟ್ಟಿದ್ದಾರೆಂದು ಕಾಲೇಜಿನಲ್ಲಿ ಓದಿದ್ದೆ. ಸಮುದ್ರ ದಾಟಿ ಬಂದವರು ಹೆದರದೆ ತಿಂದು ಹೋದ ಸೀಮೆಯಲ್ಲಿ, ಅಲ್ಲೇ ಹುಟ್ಟಿದ ನಾನು ಹಣ್ಣನ್ನು ಮೂಸಿ ಕೆಳಗಿಡುತ್ತಿದ್ದೆ. ಊರವರು ನನಗೆ 'ಗಂಜಿ ಮಾಸ್ತರ' ಎಂದು ಹೆಸರಿಟ್ಟರು. ಅಕ್ಕ ಮಾತ್ರ ನಗುತ್ತಿರಲಿಲ್ಲ. ದಿನವೂ ಒಂದು ರೊಟ್ಟಿ ನನ್ನ ತಟ್ಟೆಗೆ ಹಾಕುವಳು, ದಿನವೂ ಅದನ್ನು ಹಾಗೆಯೇ ಎತ್ತಿಕೊಂಡು ಹೋಗುವಳು.

ಬೇಸಗೆಯಲ್ಲಿ ಹೊಳೆ ಸಣ್ಣಗಾದಾಗ ನಡುವಿನ ಮರಳುದಿಬ್ಬದ ಮೇಲೆ ಕರಬೂಜದ ಬಳ್ಳಿ ಹಬ್ಬಿಸುತ್ತಿದ್ದರು. ಮೇ ಮುಗಿಯುತ್ತ ಬಂದಿತ್ತು. ಕೊನೆಯ ಹಣ್ಣು ಕೀಳುವ ದಿನ ದಿಬ್ಬಕ್ಕೆ ತಾನೂ ಬರುತ್ತೇನೆಂದು ಅಕ್ಕ ಹಟ ಹಿಡಿದಳು. ಬಳ್ಳಿಯಿಂದಲೇ ಕಿತ್ತು ತಿನ್ನಬೇಕೆಂಬ ಬಯಕೆ. ಬಸುರಿಯ ಬಯಕೆಗೆ ಇಲ್ಲವೆನ್ನುವವರು ಯಾರು? ಮಾವ ಬೆಲ್ಲದ ವ್ಯಾಪಾರಕ್ಕೆ ಹೊಸಪೇಟೆಗೆ ಹೋಗಿದ್ದರು. ಅಂಬಿಗರ ಹುಲಿಗೆಪ್ಪನ ಹರಿಗೋಲಿನಲ್ಲಿ ಅತ್ತೆ ಸೊಸೆ ಇಬ್ಬರೂ ಕೂತರು. ನನಗೆ ಈಜು ಬಾರದು, ಹರಿಗೋಲು ನೋಡಿದರೇ ತಲೆ ತಿರುಗುತ್ತದೆ. ಎಲ್ಲರ ಬುತ್ತಿಯನ್ನೂ ನನ್ನ ಕೈಗೆ ಕೊಟ್ಟು, "ಹೊಂಗಿಗಿಡದ ನೆಳ್ಳಾಗ ಕುಂದ್ರು, ಬಂದು ಎಲ್ಲಾರೂ ಕೂಡಿ ಉಣ್ಣೋಣು" ಎಂದಳು ಅಕ್ಕ.

ಅವರು ದಿಬ್ಬ ಸೇರಿ ಹಣ್ಣು ಕೀಳುವುದು ನನಗೆ ಕಾಣುತ್ತಿತ್ತು. ಸ್ವಲ್ಪ ಹೊತ್ತಿಗೆ ಹೊಳೆಯ ಬಣ್ಣ ಕದಡಿತು. ಕಸಕಡ್ಡಿ, ನೊರೆ ತೇಲಿ ಬಂದವು. ಮೇಲೆಲ್ಲೋ ದೊಡ್ಡ ಮಳೆಯಾಗಿರಬೇಕು. ನಾನು ಎದ್ದು ನಿಂತು ಕೂಗುವಷ್ಟರಲ್ಲಿ ದಿಬ್ಬದ ಒಂದು ಅಂಚು ಮುಳುಗಿತ್ತು. ಹುಲಿಗೆಪ್ಪ ಇಬ್ಬರನ್ನೂ ಹರಿಗೋಲಿಗೆ ಹತ್ತಿಸಿ ಹುಟ್ಟು ಹಾಕಿದ. ಸೆಳವು ಜೋರಾಗಿತ್ತು, ನೇರ ಈಚೆ ಬರಲಾಗಲಿಲ್ಲ. ಹರಿಗೋಲು ಗಿರ್‍ರನೆ ಸುತ್ತುತ್ತ ಕೆಳಗೆ ಕೊಚ್ಚಿಕೊಂಡು ಹೋಯಿತು. ಅಕ್ಕನ ಹಸಿರು ಸೀರೆ ಒಮ್ಮೆ ಕಾಣಿಸಿತು, ಮತ್ತೊಮ್ಮೆ ಕಾಣಿಸಿತು. ಆಮೇಲೆ ಬಂಡೆಗಳ ತಿರುವಿನಲ್ಲಿ ಏನೂ ಕಾಣಲಿಲ್ಲ.

ನಾನು ದಂಡೆಗುಂಟ ಓಡಿದೆ. ಜಾಲಿಮುಳ್ಳು ಧೋತರ ಹರಿಯಿತು. ಮುಂದೆ ಆಳೆತ್ತರದ ಬಂಡೆ ಅಡ್ಡ ಬಂತು. ಮೇಲಿನ ಹೊಲದಿಂದ ರೈತನೊಬ್ಬ ಇಳಿದು ಬಂದು ನನ್ನ ರಟ್ಟೆ ಹಿಡಿದ.

"ಎಲ್ಲಿಗಿ ಓಡ್ತೀರಿ? ಆ ಕಡಿ ದಾರಿ ಇಲ್ಲ. ಹುಲಿಗೆಪ್ಪ ಕೆಳಗ ಎಲ್ಲ್ಯರ ದಂಡಿ ಹಿಡಿದಿರ್ತಾನ. ನಾ ಹೋಗಿ ನೋಡ್ತೀನಿ. ನೀವು ಇದ್ದಲ್ಲೇ ಇರ್ರಿ. ಅವ್ರು ಬಂದು ನೀವಿಲ್ಲಂದ್ರ ನಿಮ್ಮನ್ನ ಹುಡುಕೋದಾಗ್ತದ."

ಅವನು ಬಂಡೆಯ ಸಂದಿನಲ್ಲಿ ಮರೆಯಾದ. ನಾನು ಹೊಂಗೆಯ ನೆರಳಿಗೆ ಬಂದು ಕೂತೆ. ಎಷ್ಟು ಹೊತ್ತು ಕೂತಿದ್ದೆನೋ ತಿಳಿಯದು. ಅಣ್ಣ ಹೋದ ದಿನದ್ದೆಲ್ಲ ಕಣ್ಣ ಮುಂದೆ ಬಂತು. ಮಾವನಿಗೆ ಏನು ಹೇಳಲಿ, ಹೊಸಪೇಟೆಯಲ್ಲಿ ಅವ್ವನಿಗೆ ಏನು ಹೇಳಲಿ? ಒಬ್ಬ ಮಗನನ್ನು ಕಳೆದುಕೊಂಡವಳಿಗೆ ಈ ಮಾತನ್ನು ಯಾವ ಬಾಯಿಂದ ಹೇಳಲಿ? ಹೊಳೆಯ ತಿರುವನ್ನೇ ನೋಡುತ್ತ, ಹಲ್ಲು ಕಚ್ಚುತ್ತ ಕೂತಿದ್ದೆ.

ಕೊನೆಗೆ ಬಂಡೆಯ ಮೇಲೆ ಹಸಿರು ಸೀರೆ ಕಾಣಿಸಿತು. ಮುಂದೆ ರೈತ, ಅವನ ಹಿಂದೆ ಅಕ್ಕ, ಅವಳ ಕೈ ಹಿಡಿದು ಶಿವಗಂಗಮ್ಮ, ಎಲ್ಲರ ಹಿಂದೆ ಹರಿಗೋಲನ್ನು ತಲೆಯ ಮೇಲೆ ಹೊತ್ತ ಹುಲಿಗೆಪ್ಪ. ಶಿವಗಂಗಮ್ಮ ಅವನನ್ನು ಬೈಯುತ್ತಲೇ ಬಂದರು.

"ಬುಗುರಿ ಆಡಿಸಿದಂಗ ಆಡಿಸಿಬಿಟ್ಟೆಲ್ಲೋ! ಇನ್ನೂ ತಲಿ ತಿರಗಾಕ ಹತ್ತೇತಿ."

"ದಂಡಿ ಮುಟ್ಟಿಸೀನಿಲ್ಲಬೇ ಯವ್ವಾ? ಹಣ್ಣು ಹೋದ್ರ ಹೋಗ್ಲಿ ಬಿಡು" ಎಂದ ಹುಲಿಗೆಪ್ಪ.

ನಾನು ಓಡಿಹೋಗಿ ಅಕ್ಕನ ಎರಡೂ ಕೈ ಹಿಡಿದುಕೊಂಡೆ. ಅವಳು ಮೊಣಕಾಲ ತನಕ ನೆನೆದಿದ್ದಳು, ಮುಖ ಬಿಳಿಚಿಕೊಂಡಿತ್ತು. "ಏನೂ ಆಗಿಲ್ಲೋ, ಆರಾಮದೀನಿ" ಎಂದಳು. ಮರದಡಿಗೆ ಬಂದು ಕೂತ ಶಿವಗಂಗಮ್ಮ, "ಮೊದ್ಲು ಬುತ್ತಿ ಬಿಚ್ಚಪಾ, ಹಸ್ತು ಜೀವ ಹೋಗಾಕ ಹತ್ತೇತಿ" ಎಂದರು.

ಬುತ್ತಿ ಬಿಚ್ಚಿಯೇ ಇತ್ತು. ಬಟ್ಟೆಯಲ್ಲಿ ರೊಟ್ಟಿಯ ಚೂರುಗಳಷ್ಟೇ ಉಳಿದಿದ್ದವು. ಎಣ್ಣೆಗಾಯಿಯ ಡಬ್ಬಿಯ ತಳ ಫಳಫಳ ಹೊಳೆಯುತ್ತಿತ್ತು. ಮೊಸರಿನ ಗಡಿಗೆ ಖಾಲಿ. ನಾಲ್ಕು ಜನರ ಊಟ! ನನ್ನ ಬೆರಳು ನೋಡಿಕೊಂಡೆ: ಉಗುರಿನ ಸಂದಿಯಲ್ಲೆಲ್ಲ ಕೆಂಪು ಖಾರ. ಯಾವಾಗ ತಿಂದೆನೋ, ಹೇಗೆ ತಿಂದೆನೋ ದೇವರಾಣೆಗೂ ನೆನಪಿಲ್ಲ.

ಶಿವಗಂಗಮ್ಮ ಡಬ್ಬಿಯನ್ನೂ ನನ್ನನ್ನೂ ಸರದಿಯ ಮೇಲೆ ನೋಡಿದರು. ಅಕ್ಕ ನಗಲು ಶುರುಮಾಡಿದಳು. ಹೊಟ್ಟೆ ಹಿಡಿದುಕೊಂಡು ನಕ್ಕಳು. ನಗುತ್ತ ನಗುತ್ತ ಅಳು ಬಂತು.

"ಉಣ್ಣೋ ಉಣ್ಣೋ ಅಂತ ತಿಂಗಳಾತು ಬೇಡಿಕೊಂಡೆ, ಉಣ್ಣಲಿಲ್ಲ. ನಾ ಹೋಗ್ತೀನಂದ್ರ ಉಂಡಿ ನೋಡು!" ಎಂದಳು. ಸೆರಗಿನಿಂದ ಕಣ್ಣು ಒರೆಸಿಕೊಂಡು ಸಣ್ಣ ದನಿಯಲ್ಲಿ, "ಅಣ್ಣ ಹೋದಾಗಿಂದ ನಿನ್ನ ತಟ್ಟಿ ತಿರುಗಿ ಬಂದ್ರ ನನಗ ಭಾಳ ಹೆದರಿಕಿ ಆಗತಿತ್ತೋ. ನೀನೂ ಹಿಂಗ ಸೊರಗಿ ಸೊರಗಿ ಹೋಗಿಬಿಟ್ರ ಏನು ಗತಿ ಅಂತ" ಎಂದಳು.

ನನಗೆ ಅದು ಹೊಳೆದೇ ಇರಲಿಲ್ಲ. ಹೆದರಿಕೆ ನನ್ನ ಸ್ವಂತ ಆಸ್ತಿ ಎಂದುಕೊಂಡಿದ್ದೆ. ಉಂಡರೆ ಸಾಯುತ್ತೇನೆಂದು ನಾನು, ಉಣ್ಣದಿದ್ದರೆ ಸಾಯುತ್ತಾನೆಂದು ಅವಳು, ಒಂದೇ ತಟ್ಟೆಯ ಎರಡು ಬದಿಗೆ ಕೂತು ಒಬ್ಬರಿಗೊಬ್ಬರು ಹೇಳದೆ ನಡುಗುತ್ತಿದ್ದೆವು.

ಮನೆಗೆ ಹೋದ ಮೇಲೆ ಶಿವಗಂಗಮ್ಮ ಮತ್ತೆ ಒಲೆ ಹೊತ್ತಿಸಿದರು. ನಾನು ಜ್ವರದ ಕಡ್ಡಿ ಬಾಯಲ್ಲಿಟ್ಟುಕೊಂಡು ಜ್ವರಕ್ಕಾಗಿ ಕಾದೆ. ಬರಲಿಲ್ಲ. ಮರುದಿನವೂ ಹೊಟ್ಟೆನೋವು ಬರುವುದೆಂದು ಕಾದೆ. ಬಂದದ್ದು ಹಸಿವು. ಅಕ್ಕ ತಂದಿಟ್ಟ ರೊಟ್ಟಿಯನ್ನು ಅವಳ ಮುಖ ನೋಡುತ್ತ ಮುರಿದೆ. ಉಳಿದ ರಜೆಯಲ್ಲಿ ನಾನು ತಿಂದದ್ದನ್ನು ಇಲ್ಲಿ ಬರೆದರೆ ನಿಮ್ಮ ದೃಷ್ಟಿ ತಾಗೀತು. ಮಳೆಗಾಲ ಕಳೆಯುವ ಮೊದಲೇ ಅಕ್ಕನಿಗೆ ಹೆಣ್ಣುಮಗು ಹುಟ್ಟಿತು.

ಈಗ ಆ ಹೊಳೆಗೆ ಅಣೆಕಟ್ಟು ಬರುತ್ತದೆಂದು ಹೊಸಪೇಟೆಯಲ್ಲಿ ಎಲ್ಲರ ಬಾಯಲ್ಲೂ ಮಾತು. ನಾನು ಆಗಲೇ ಅದಕ್ಕೂ ಹೆದರತೊಡಗಿದ್ದೇನೆ. ಹುಟ್ಟುಗುಣ, ಎಲ್ಲಿಗೆ ಹೋದೀತು? ಆದರೆ ಅಂದಿನಿಂದ ಒಂದು ನೇಮ ಇಟ್ಟುಕೊಂಡಿದ್ದೇನೆ. ಎಂಥ ಚಿಂತೆಯೇ ಬರಲಿ, ಮೊದಲು ಅದನ್ನು ಪಕ್ಕದಲ್ಲಿರುವವರಿಗೆ ಹೇಳುತ್ತೇನೆ. ಅವರು ತಮ್ಮದನ್ನು ಹೇಳುತ್ತಾರೆ. ಅಷ್ಟರಲ್ಲಿ ಊಟದ ಹೊತ್ತಾಗಿರುತ್ತದೆ. ಉಂಡ ಮೇಲೆ ಇಬ್ಬರೂ ಕೂತು ನೆಮ್ಮದಿಯಾಗಿ ಹೆದರುತ್ತೇವೆ.