ಆಪರೇಷನ್ನಿಗೆ ಮುಂಚೆ ಒಂದು ಉಂಡೆ ತಂಬಿಟ್ಟು

ನೀಲಾಂಬಿಕೆ ಮೇಡಂ ಬೈಯುವುದರಲ್ಲಿ ಎತ್ತಿದ ಕೈ. ಹಾಸನದ ಆ ನರ್ಸಿಂಗ್ ಕಾಲೇಜಿನ ಹುಡುಗಿಯರು ನಾಡಿ ಹಿಡಿಯುವುದನ್ನು ಕಲಿಯುವ ಮೊದಲೇ ಮೇಡಂ ಚಪ್ಪಲಿಯ ಸದ್ದು ಯಾವ ಕಡೆಯಿಂದ ಬರುತ್ತಿದೆ ಎಂದು ಪತ್ತೆ ಹಚ್ಚುವುದನ್ನು ಕಲಿತುಬಿಡುತ್ತಿದ್ದರು. ವಾರ್ಡಿನ ನಟ್ಟನಡುವೆ, ರೋಗಿಗಳ ಎದುರಿಗೇ, "ನಿಮ್ಮಪ್ಪ ನಿನ್ನನ್ನ ಇಲ್ಲಿಗ್ಯಾಕಮ್ಮ ಕಳಿಸಿದ್ದು?" ಎಂದು ಅವರು ಶುರು ಮಾಡಿದರೆ, ಡ್ರಿಪ್ ಹಾಕಿಸಿಕೊಂಡು ಮಲಗಿದ್ದವರೂ ಎದ್ದು ಕೂತು ಕೇಳುತ್ತಿದ್ದರು. ಪಾಠ ಮಾತ್ರ ಚೆನ್ನಾಗಿ ಮಾಡುತ್ತಿದ್ದರು, ಅದನ್ನೂ ಹೇಳಬೇಕು.

ಇಂಥವರ ಕೈಗೆ ಸಿಕ್ಕಿದವಳು ನಿಸರ್ಗ. ರಾಮನಾಥಪುರದ ಪಕ್ಕದ ಹಳ್ಳಿ, ಅಪ್ಪ ನಂಜಪ್ಪನಿಗೆ ಹೊಗೆಸೊಪ್ಪಿನ ಬೇಸಾಯ. ಊರಲ್ಲಿದ್ದಾಗ ಅವಳು ಶುದ್ಧ ಬಾಯಿಬಡುಕಿ. ಆಳುಗಳ ಕಾಲಿನ ಮುಳ್ಳು ತೆಗೆಯುವುದು, ಕುಡುಗೋಲು ತಾಗಿದ ಬೆರಳಿಗೆ ಬಟ್ಟೆ ಕಟ್ಟುವುದು, ಕಟ್ಟುತ್ತಲೇ ನಾಲ್ಕು ಬುದ್ಧಿಮಾತು ಹೇಳುವುದು, ಎಲ್ಲ ಅವಳದೇ. ರಕ್ತ ಕಂಡರೆ ಹೆದರದವಳು ನರ್ಸ್ ಆಗಲಿ ಎಂದು ಅಪ್ಪ ಸೇರಿಸಿದ. ಎರಡನೇ ವರ್ಷಕ್ಕೆ ಬರುವಷ್ಟರಲ್ಲಿ ಆ ಬಾಯಿ ಎಲ್ಲಿ ಹೋಯಿತೋ ಗೊತ್ತಿಲ್ಲ. ಒಂದು ಸಲ ವಾರ್ಡಿನಲ್ಲಿ ಅನುಮಾನ ಬಂದು ಏನೋ ಕೇಳಿದ್ದಕ್ಕೆ, "ಕ್ಲಾಸಲ್ಲಿ ನಿದ್ದೆ ಮಾಡ್ತಿದ್ಯಾ?" ಎಂದು ಮೇಡಂ ಬೆಳಗ್ಗೆಯೆಲ್ಲ ಅವಳನ್ನು ನಿಲ್ಲಿಸಿದ್ದರು. ಅಲ್ಲಿಂದಾಚೆ ಅವಳು ಏನನ್ನೂ ಕೇಳುವ ಗೋಜಿಗೆ ಹೋಗಲಿಲ್ಲ. ರಾತ್ರಿ ಮಲಗಿದರೂ ನಾಳೆ ಏನು ತಪ್ಪು ಮಾಡುತ್ತೇನೋ ಎಂಬುದೇ ಯೋಚನೆ.

ಕಲಿಕೆಯ ವಾತಾವರಣ ಹೇಗಿದೆ ಎಂದು ಯಾರೋ ಹೊರಗಿನವರು ಒಮ್ಮೆ ಪ್ರಶ್ನೆಗಳ ಹಾಳೆ ಹಂಚಿಸಿದ್ದೂ ಉಂಟು. ನಿಮಗೆ ನಿರ್ಭಯವಾಗಿ ಪ್ರಶ್ನೆ ಕೇಳುವ ಅವಕಾಶ ಇದೆಯೇ? ಬೆಂಚುಗಳ ನಡುವೆ ಮೇಡಂ ಕೈಕಟ್ಟಿಕೊಂಡು ಓಡಾಡುತ್ತಿದ್ದರು. ಎಲ್ಲರೂ 'ಖಂಡಿತ ಇದೆ' ಎಂಬುದಕ್ಕೇ ಗುರುತು ಹಾಕಿ ಕೊಟ್ಟರು.

ಈಗ ಆ ಮಂಗಳವಾರದ ವಿಷಯ. ಅರಕಲಗೂಡು ಕಡೆಯ ಸುವರ್ಣಮ್ಮ ಎಂಬ ಮುದುಕಿ ಪಿತ್ತಕೋಶದ ಕಲ್ಲಿನ ಆಪರೇಷನ್ನಿಗೆ ದಾಖಲಾಗಿದ್ದಳು. ರಾತ್ರಿಯಿಂದ ಆಕೆಯ ಹೊಟ್ಟೆ ಖಾಲಿ ಇರುವಂತೆ ನೋಡಿಕೊಳ್ಳುವ ಕೆಲಸ ನಿಸರ್ಗಳದು. ನಿಸರ್ಗ ಅದನ್ನು ಕಣ್ಣಲ್ಲಿ ಕಣ್ಣಿಟ್ಟು ಮಾಡಿದಳು. ತಲೆದೆಸೆಯ ನೀರಿನ ಬಾಟಲಿ ಎತ್ತಿಟ್ಟಳು, ಪಕ್ಕದ ಬೆಡ್ಡಿನವರು ಕೊಡಲು ಬಂದ ಬಿಸ್ಕತ್ತನ್ನೂ ವಾಪಸು ಕಳಿಸಿದಳು.

ಬೆಳಗ್ಗೆ ಮೊದಲ ಬಸ್ಸಿಗೆ ಮುದುಕಿಯ ಮಗ ಕಾಂತರಾಜು ಬಂದ. ಕೈಯಲ್ಲಿ ಬಾಳೆಲೆಯ ಪೊಟ್ಟಣ, ಒಳಗೆ ಒಂದು ಉಂಡೆ ತಂಬಿಟ್ಟು. ಅವ್ವನ ಹೆಸರಲ್ಲಿ ಊರಮ್ಮನಿಗೆ ತಂಬಿಟ್ಟಿನ ಆರತಿ ಮಾಡಿಸಿದ್ದನಂತೆ.

"ಅಮ್ಮನ ಪ್ರಸಾದ ಕಣವ್ವಾ. ಇದ ಬಾಯಿಗಾಕ್ಕೊಂಡು ಓಗು, ಏನೂ ಆಗಕಿಲ್ಲ" ಎಂದ.

ಸುವರ್ಣಮ್ಮ ಪೊಟ್ಟಣವನ್ನು ಕಣ್ಣಿಗೊತ್ತಿಕೊಂಡು ನಿಸರ್ಗಳತ್ತ ಚಾಚಿ, "ನೀನೇ ಆಕು ಮಗ, ಕೈಗೆ ಸೂಜಿ ಚುಚ್ಬುಟ್ಟವ್ರೆ" ಎಂದಳು. ನಿಸರ್ಗ ಉಂಡೆಯನ್ನು ಮುರಿದು ಮುರಿದು ತಾನೇ ತಿನ್ನಿಸಿದಳು. ಅಂಗೈಯಲ್ಲಿ ಉಳಿದ ಚೂರನ್ನು ತಾನೂ ಕಣ್ಣಿಗೊತ್ತಿಕೊಂಡು ಬಾಯಿಗೆ ಹಾಕಿಕೊಂಡಳು. ಮುದುಕಿಯ ಮುಖ ಅರಳಿದ್ದು ಕಂಡು ಅವಳಿಗೂ ಸಮಾಧಾನವಾಯಿತು.

ಸ್ವಲ್ಪ ಹೊತ್ತಿಗೆ ಮೇಡಂ ಬಂದರು. "ಏನಾದ್ರೂ ತಿಂದಿದ್ದಾರಾ?"

"ಇಲ್ಲ ಮೇಡಂ."

"ಒಂದ್ ತೊಟ್ಟು ನೀರೂ ಕುಡ್ದಿಲ್ಲ ಕಣವ್ವ, ಈ ಮಗ ಬುಡ್ಲೇ ಇಲ್ಲ" ಎಂದಳು ಸುವರ್ಣಮ್ಮ, ನಿಸರ್ಗಳನ್ನು ತೋರಿಸುತ್ತ.

ಇಬ್ಬರೂ ಸುಳ್ಳು ಹೇಳಲಿಲ್ಲ ಕಣ್ರೀ. ಆ ಕಡೆಯವರಿಗೆ ಪ್ರಸಾದ ಎಂದರೆ ಊಟದ ಲೆಕ್ಕಕ್ಕೇ ಬರುವುದಿಲ್ಲ. ನಿಸರ್ಗಳ ಅವ್ವ ಕಟ್ಟುನಿಟ್ಟಾಗಿ ಉಪವಾಸ ಇದ್ದ ದಿನವೂ ದೇವಸ್ಥಾನದಲ್ಲಿ ಕೈತುಂಬ ಪ್ರಸಾದ ತಿಂದು ಬಂದು, ಬೆಳಗ್ಗೆಯಿಂದ ಏನೂ ತಿಂದಿಲ್ಲ ಅನ್ನುತ್ತಿದ್ದಳು. ಮನೆಯಲ್ಲಿ ಯಾರೂ ಅದನ್ನು ತಪ್ಪೆಂದವರಿಲ್ಲ.

ಟ್ರಾಲಿ ಹೋಯಿತು. ನಿಸರ್ಗ ಹಾಸಿಗೆ ಕೊಡವುತ್ತಿದ್ದಳು. ಹಲ್ಲಿನ ಸಂದಿಯಲ್ಲಿ ಸಿಕ್ಕಿಕೊಂಡಿದ್ದ ಎಳ್ಳುಕಾಳು ನಾಲಿಗೆಗೆ ತಾಗಿತು. ಅದನ್ನು ಕಡಿದಳು. ಕಡಿದವಳು ಹಾಗೇ ನಿಂತುಬಿಟ್ಟಳು. ಅಕ್ಕಿಹಿಟ್ಟು, ಬೆಲ್ಲ, ಎಳ್ಳು. ಹಸಿದವರ ಹೊಟ್ಟೆ ತುಂಬುವಷ್ಟು ದೊಡ್ಡ ಉಂಡೆ. ಅರಿವಳಿಕೆ ಕೊಟ್ಟಾಗ ಹೊಟ್ಟೆಯಲ್ಲಿದ್ದದ್ದು ಮೇಲೆ ಬಂದು ಶ್ವಾಸಕೋಶಕ್ಕೆ ಇಳಿದರೆ ಜೀವಕ್ಕೇ ಸಂಚಕಾರ ಎಂದು ಇದೇ ಮೇಡಂ ಮೇಜು ಕುಟ್ಟಿ ಕುಟ್ಟಿ ಹೇಳಿದ್ದರು.

ಪಕ್ಕದ ಬೆಡ್ಡಿನ ಹತ್ತಿರ ಚನ್ನರಾಯಪಟ್ಟಣದ ಮಾನಸಾ ಇದ್ದಳು, ಹಾಸ್ಟೆಲ್ಲಿನಲ್ಲಿ ಒಂದೇ ರೂಮು. ನಿಸರ್ಗ ವಿಷಯ ಹೇಳಿದ್ದಕ್ಕೆ ಅವಳು ಪಿಸುಗುಟ್ಟಿದಳು.

"ಸುಮ್ನಿರೇ. ಒಂದು ಉಂಡೆಗೆಲ್ಲ ಏನೂ ಆಗಲ್ಲ. ಥರ್ಮಾಮೀಟರ್ ಒಡೆದೆ ಅಂತ ಹೇಳ್ಕೊಂಡೋಳಿಗೆ ಏನ್ ಮಾಡಿದ್ರು, ನೆನಪಿದ್ಯಾ? ನಿಂದು ಗೊತ್ತಾದ್ರೆ ಮನೆಗೇ ಕಳಿಸ್ತಾರೆ."

ಏನೂ ಆಗಲಿಕ್ಕಿಲ್ಲ. ನಿಸರ್ಗ ಅದನ್ನೇ ಹಿಡಿದುಕೊಳ್ಳಲು ನೋಡಿದಳು. ಎಷ್ಟೋ ಜನ ತಿಂದೇ ಆಪರೇಷನ್ನಿಗೆ ಹೋಗಿರಬಹುದು, ಎಷ್ಟೋ ಜನ ಬದುಕಿರಬಹುದು. ಅಪ್ಪ ಊರವರ ಮುಂದೆ ತಲೆ ತಗ್ಗಿಸಿ ನಿಂತಂತೆ ಕಂಡಿತು. ಅದರ ಹಿಂದೆಯೇ, ಬಾಯಿ ತೆರೆದು ತನ್ನ ಕೈಯನ್ನೇ ಕಾಯುತ್ತಿದ್ದ ಮುದುಕಿ ಕಂಡಳು. ಹಾಸಿಗೆಬಟ್ಟೆ ಅಲ್ಲೇ ಬಿಸಾಕಿ ಓಡಿದಳು. ಧೈರ್ಯ ಬಂದು ಓಡಿದಳು ಅಂದುಕೊಳ್ಳಬೇಡಿ, ಹೆದರಿಕೆಯೇ ಅವಳನ್ನು ಓಡಿಸಿತು.

ಆಪರೇಷನ್ ಥಿಯೇಟರಿನ ಬಾಗಿಲಲ್ಲಿ ಮೇಡಂ ನಿಂತಿದ್ದರು. ನಿಸರ್ಗಳ ಬಾಯಿಂದ ಊರ ಮಾತೇ ಬಂತು. "ನಾನೇ ತಿನ್ಸ್‌ಬುಟ್ಟೆ ಮೇಡಂ. ತಂಬಿಟ್ಟು. ಪ್ರಸಾದ ಅಂತ. ಒಂದು ಉಂಡೆ, ಈಗ್ಲೇ, ಬೆಳಿಗ್ಗೆ."

ಮೇಡಂ ಬಾಗಿಲು ತಳ್ಳಿಕೊಂಡು ಒಳಗೆ ನುಗ್ಗಿದರು. ಅರಿವಳಿಕೆ ಡಾಕ್ಟರರ ಕೈಯಲ್ಲಿ ಸಿರಿಂಜು ತಯಾರಾಗಿತ್ತು. ಅವರು ಅದನ್ನು ಕೆಳಗಿಟ್ಟರು. ಸುವರ್ಣಮ್ಮ ಟ್ರಾಲಿಯ ಮೇಲೆ ವಾಪಸು ಬಂದಳು, ಏನಾಯಿತೆಂದು ತಿಳಿಯದೆ ಎಲ್ಲರ ಮುಖ ನೋಡುತ್ತ. "ಪ್ರಸಾದಕ್ಕೂ ಆಪ್ರೇಸನ್‌ಗೂ ಏನ್ಲಾ ಸಂಬಂದ?" ಎಂದು ಮಗನನ್ನು ಕೇಳಿದಳು. ಮಾರನೇ ದಿನ ಆಪರೇಷನ್ ಸರಾಗವಾಗಿ ಆಯಿತು, ಮುದುಕಿ ಗಟ್ಟಿಯಾಗಿ ಮನೆಗೂ ಹೋದಳು.

ಆದರೆ ಅಂದು ಮಧ್ಯಾಹ್ನ ಮೇಡಂ ಆ ತಂಡದ ಹುಡುಗಿಯರನ್ನೆಲ್ಲ ವಾರ್ಡಿನ ಪಕ್ಕದ ಕೋಣೆಗೆ ಕರೆಸಿ ಸಾಲಾಗಿ ನಿಲ್ಲಿಸಿದರು. "ಏನು ಮಾಡಿದೆ ಅಂತ ಹೇಳು ಇವರಿಗೆ" ಎಂದರು. ನಿಸರ್ಗ ಹೇಳಿದಳು. ಮೇಡಂ ಬೈದರು, ಎಂದಿನಂತೆ ಬೈದರು, ಅವಳ ಹಳ್ಳಿಯನ್ನೂ ಬಿಡಲಿಲ್ಲ. ಮನೆಗೆ ಹೇಗೆ ಹೇಳುವುದು ಎಂಬುದೊಂದೇ ನಿಸರ್ಗಳ ತಲೆಯಲ್ಲಿ ತಿರುಗುತ್ತಿತ್ತು.

"ಮೇಡಂ." ಸಾಲಿನ ತುದಿಯಿಂದ ದನಿ ಬಂತು. ಮಾನಸಾ. "ಒಂಬತ್ತನೇ ಬೆಡ್ ತಾತಂದು ಬಿಪಿ ನಾನು ನೋಡ್ಲಿಲ್ಲ. ನಿನ್ನೇದನ್ನೇ ಬರ್ದೆ. ನಿನ್ನೇದೂ ನೋಡಿ ಬರ್ದಿದ್ದಲ್ಲ. ತೋಳಿಗೆ ಬಿಪಿ ಪಟ್ಟಿ ಕಟ್ಟೋಕೆ ಸರಿಯಾಗಿ ಬರಲ್ಲ ಮೇಡಂ, ಕೇಳೋಕೆ ಭಯ ಆಗಿತ್ತು."

ಮೇಡಂ ಬೈಯಲು ಬಾಯಿ ತೆರೆದರು. ಬೈಗುಳ ಬರಲಿಲ್ಲ. ಯಾರೂ ಅವರಿಂದ ಕೇಳಿರದಷ್ಟು ಸಣ್ಣ ದನಿಯಲ್ಲಿ, "ಇನ್ಯಾರಾದ್ರೂ ಇದ್ದೀರಾ?" ಎಂದರು.

ಒಬ್ಬರೂ ಕೈ ಎತ್ತಲಿಲ್ಲ. ಮೇಡಂ ಸಾಲಿನ ಈ ತುದಿಯಿಂದ ಆ ತುದಿಯವರೆಗೆ ನೋಡಿದರು. ಅಷ್ಟೂ ಹುಡುಗಿಯರಲ್ಲಿ ಒಬ್ಬರೂ ತಲೆ ಎತ್ತಿರಲಿಲ್ಲ.

ಅವರು ಸ್ಟೂಲ್ ಎಳೆದುಕೊಂಡು ಕೂತರು. ಬಾಗಿಲು ಹಾಕಲು ಹೇಳಿದರು.

"ಬೈಯಲ್ಲ," ಎಂದರು. "ಹೇಳಿ."

ಯಾರೂ ನಂಬಲಿಲ್ಲ. ನಿಸರ್ಗಳಿಗೂ ನಂಬಿಕೆ ಬರಲಿಲ್ಲ.