ಕುಂಟನ ಜಾಗ

ಎಪ್ಪತ್ತರ ದಶಕದಲ್ಲಿ ಮದ್ದೂರಿನ ಸಂತೆಮಾಳದಲ್ಲಿ ಒಂದು ಕಲ್ಲುಕಟ್ಟೆ ಇತ್ತು. ಎತ್ತಿನಗಾಡಿಯ ಹಲಗೆ ಎಷ್ಟು ಎತ್ತರವೋ ಕಟ್ಟೆಯೂ ಅಷ್ಟೇ ಎತ್ತರ. ಗಾಡಿಯನ್ನು ಹಿಂದಕ್ಕೆ ಒತ್ತಿ ಕಟ್ಟೆಗೆ ತಾಗಿಸಿ ನಿಲ್ಲಿಸಿದರೆ ಮೂಟೆ ಹೊರುವ ಕೆಲಸವಿಲ್ಲ, ತಳ್ಳಿದರೆ ಸಾಕು. ಹಾಗಾಗಿ ಆ ಕಟ್ಟೆಯೆಂದರೆ ಸಂತೆಗೆ ಬರುವ ಎಲ್ಲರಿಗೂ ಆಸೆ. ನನ್ನದು ಆಸೆಯ ಮಾತಲ್ಲ. ನಾನು ಯಾರ ಕೈಯನ್ನೂ ಹಿಡಿಯದೆ ಗಾಡಿಯಿಂದ ಇಳಿಯಬಹುದಾದ ಜಾಗ ಇಡೀ ಸಂತೆಯಲ್ಲಿ ಅದೊಂದೇ.

ನನ್ನ ಬಲಗಾಲು ತೊಡೆಯಿಂದ ಕೆಳಕ್ಕೆ ಇಲ್ಲ. ಎಡಗಾಲು ಇದೆ, ಆದರೆ ಮಂಡಿ ಮಡಚುವುದಿಲ್ಲ. ಮೂರನೇ ಕ್ಲಾಸಿಗೆ ಸ್ಲೇಟು ಬಿಟ್ಟು ಎತ್ತಿನ ಹಿಂದೆ ಹೋದವನು ನಾನು. ಆತಗೂರು ಕಡೆಯ ನಮ್ಮ ಹಳ್ಳಿಯಿಂದ ಮಂಡ್ಯದ ಕಾರ್ಖಾನೆಗೆ ಕಬ್ಬು ಹೊಡೆಯುತ್ತಿದ್ದೆ. ಪ್ರಾಯದಲ್ಲಿರುವಾಗಲೇ ಒಂದು ಮಳೆಗಾಲ ಕೊತ್ತತ್ತಿಯ ಹತ್ತಿರ ನಾಲೆ ಏರಿಯ ಮೇಲೆ ಗಾಡಿ ಜಾರಿ ಮಗುಚಿಕೊಂಡಿತು. ಕಬ್ಬು, ಗಾಡಿ, ಎತ್ತು ಎಲ್ಲವೂ ಉಳಿದವು. ಕಾಲು ಉಳಿಯಲಿಲ್ಲ. ಆಸ್ಪತ್ರೆಯಿಂದ ಬಂದ ಮೇಲೆ ಮನೆಯಲ್ಲಿ ಕೂತು ತಿನ್ನುವ ಯೋಚನೆಯನ್ನು ನಾನು ಮಾಡಲಿಲ್ಲ. ತೆಂಗಿನ ನಾರು ತರಿಸಿದೆ, ಹಗ್ಗ ಹೊಸೆಯುವುದಕ್ಕೆ ಕೂತೆ. ಬಾವಿ ಹಗ್ಗ, ಕಬ್ಬು ಬಿಗಿಯುವ ಹಗ್ಗ, ದನ ಕಟ್ಟುವ ಕಣ್ಣಿ, ಎಲ್ಲವನ್ನೂ ಮಾಡಿದೆ. ಕಾಲಿನ ಶಕ್ತಿಯೆಲ್ಲ ಕೈಗೆ ಬಂತು ಎಂದು ಜನ ಹೇಳುತ್ತಿದ್ದರು. ಹಾಗೇನೂ ಇಲ್ಲ. ಬೆಳಗಿನಿಂದ ಬೈಗಿನವರೆಗೆ ಹೊಸೆದರೆ ಯಾರ ಕೈಯಾದರೂ ಗಟ್ಟಿಯಾಗುತ್ತದೆ.

ವಾರಕ್ಕೊಮ್ಮೆ ಹಗ್ಗದ ಹೊರೆ ಹೇರಿಕೊಂಡು ಸಂತೆಗೆ ಹೋಗುತ್ತಿದ್ದೆವು. ಮನೆಯ ಮುಂದೆ ಮಣ್ಣಿನ ದಿಬ್ಬ ಹಾಕಿಸಿದ್ದೆ, ಅದರ ಮೇಲಿಂದ ಗಾಡಿಗೆ ಸರಿದುಕೊಳ್ಳುತ್ತಿದ್ದೆ. ಎತ್ತು ಹೊಡೆಯುವವನು ನಾನೇ. ಹೂಡುವುದು, ಬಿಚ್ಚುವುದು ಮಾತ್ರ ನನ್ನ ಹೆಂಡತಿಯ ಕೆಲಸ. ಅವಳು ನನ್ನ ಸೋದರತ್ತೆಯ ಮಗಳು. ಮದುವೆಗೆ ಮುಂಚೆ ‘ಬಾವ’ ಎನ್ನುತ್ತಿದ್ದಳು, ಮದುವೆಯಾದ ಮೇಲೂ ಹಾಗೆಯೇ ಕರೆದಳು.

ಮೊದಮೊದಲು ಸಂತೆಯಲ್ಲಿ ನನ್ನನ್ನು ಯಾರಾದರೂ ಇಳಿಸುತ್ತಿದ್ದರು. ಒಳ್ಳೆಯ ಮನಸ್ಸಿನವರೇ, ಇಲ್ಲವೆನ್ನುವುದಿಲ್ಲ. ಇಬ್ಬರು ಬಂದು ಕಂಕುಳಿಗೆ ಕೈ ಹಾಕಿ ಎತ್ತುತ್ತಿದ್ದರು. ಅಂಗಿ ಎದೆಯವರೆಗೆ ಏರುತ್ತಿತ್ತು, ಪಂಚೆ ಜಾರುತ್ತಿತ್ತು, ಹೆಂಗಸರು ಮುಖ ತಿರುಗಿಸುತ್ತಿದ್ದರು. ಆಮೇಲೆ ನೆಲದ ಮೇಲೆ ಕೂತು ಹಗ್ಗ ಹರಡಿಕೊಂಡರೆ ಒಬ್ಬರೂ ಚೌಕಾಸಿ ಮಾಡುತ್ತಿರಲಿಲ್ಲ. ಹೇಳಿದಷ್ಟು ಕೊಟ್ಟು, ಹಗ್ಗವನ್ನು ಎಳೆದು ಕೂಡ ನೋಡದೆ ತೆಗೆದುಕೊಂಡು ಹೋಗುತ್ತಿದ್ದರು. ವ್ಯಾಪಾರಿಗೆ ಅದು ಸುಖ ಎಂದು ನೀವು ಅಂದುಕೊಳ್ಳಬಹುದು. ನನಗಲ್ಲ. ನನ್ನ ಹಗ್ಗವನ್ನು ಎಳೆದು ನೋಡಲಿ, ಬೈದು ಬೆಲೆ ಇಳಿಸಲಿ, ಪಕ್ಕದವನ ಹಗ್ಗವೇ ವಾಸಿ ಎನ್ನಲಿ. ಕನಿಕರಕ್ಕೆ ಕೊಂಡುಕೊಂಡರೆ ನಾನು ಹೊಸೆದದ್ದಕ್ಕೆ ಏನು ಅರ್ಥ?

ಒಂದು ಸಲ ಅಮಲ್ದಾರರು ಸಂತೆ ನೋಡಲು ಬಂದರು. ಅವರು ನನ್ನ ಗಾಡಿಯನ್ನು ದಾಟಿ ಹೋಗುವ ಮುಂಚೆ ಕೂಗಿದೆ.

“ಸ್ವಾಮೇರಾ, ನಂಗೆ ದಾನ ಧರ್ಮ ಬ್ಯಾಡಿ. ಆ ಕಟ್ಟೆ ತಾವು ಒಂದ್ ಗಾಡಿ ನಿಲ್ಲೋವಷ್ಟು ಜಾಗ ಬುಡಿಸ್ಕೊಡಿ. ನಾನೇ ಇಳ್ಕೋತೀನಿ.”

ಅವರು ಕಟ್ಟೆಯನ್ನು ನೋಡಿದರು, ನನ್ನ ಕಾಲನ್ನು ನೋಡಿದರು, ಮುಂದೆ ನಡೆದರು. ಮುಂದಿನ ವಾರ ಹೋಗುವಷ್ಟರಲ್ಲಿ ಕಟ್ಟೆಯ ಒಂದು ತುದಿಯಲ್ಲಿ ಬಿಳಿ ಬಣ್ಣದಲ್ಲಿ ‘ಅಂಗವಿಕಲರ ಗಾಡಿಗೆ ಮಾತ್ರ’ ಎಂದು ಬರೆಸಿದ್ದರು. ಸಂತೆಯವರು ಅಷ್ಟುದ್ದ ಯಾಕೆ ಹೇಳುತ್ತಾರೆ? ‘ಕುಂಟನ ಜಾಗ’ ಎಂದರು. ನನಗೆ ಬೇಸರವಾಗಲಿಲ್ಲ. ಕುಂಟ ಎಂದರೂ ಜಾಗ ನನ್ನದಾಯಿತಲ್ಲ. ಆ ದಿನ ಹಲಗೆಯ ಅಂಚಿಗೆ ಬಂದು, ಕಲ್ಲಿನ ಮೇಲೆ ಎರಡೂ ಕೈ ಊರಿ, ಕಟ್ಟೆಗೆ ಸರಿದು ಕೂತೆ. ಒಬ್ಬ ರೈತ ಬಂದು ನನ್ನ ಹಗ್ಗ ಎಳೆದು ನೋಡಿ, “ಏನ್ಲಾ, ಇಷ್ಟ್ ಸಣ್ಣುಕ್ಕೆ ಒಸ್ದಿದ್ದೀಯ, ಎತ್ ಕಟ್ಟಾಕೋ ಕೋಳಿ ಕಟ್ಟಾಕೋ?” ಎಂದ. ಅವನ ಜೊತೆ ಗಂಟಲು ಹರಿಯುವ ಹಾಗೆ ಜಗಳವಾಡಿ ಮಾರಿದೆ. ಅಷ್ಟು ಒಳ್ಳೆಯ ವ್ಯಾಪಾರ ಕಾಲು ಹೋದ ಮೇಲೆ ಆಗಿರಲಿಲ್ಲ.

ಆದರೆ ಬಣ್ಣ ಬಳಿದ ಮಾತ್ರಕ್ಕೆ ಜಾಗ ಉಳಿಯುವುದಿಲ್ಲ. ಎರಡು ಕಾಲೂ ನೆಟ್ಟಗಿದ್ದವರಿಗೆಲ್ಲ ಆ ತುದಿಯೇ ಬೇಕು. “ಒಂದ್ ಗಳಿಗೆ ಕಣಣ್ಣ, ಈಗ್ ತೆಗೀತೀನಿ” ಎಂದವನ ಗಳಿಗೆ ಮಧ್ಯಾಹ್ನವಾದರೂ ಮುಗಿಯುತ್ತಿರಲಿಲ್ಲ. ಒಬ್ಬ ಕಾಲಿಗೆ ಅರಿಶಿನದ ಬಟ್ಟೆ ಸುತ್ತಿಕೊಂಡು ಬಂದ. ಹೋಗುವಾಗ ಬಟ್ಟೆ ಬೇರೆ ಕಾಲಿನಲ್ಲಿತ್ತು. ಇನ್ನೊಬ್ಬ ತನ್ನ ತಾಯಿಯನ್ನು ಗಾಡಿಯಲ್ಲಿ ಕೂರಿಸಿಕೊಂಡು ಬಂದು, “ನಮ್ಮವ್ವಂಗೆ ಮಂಡಿನೋವು, ನಡ್ಯಾಕಾಗಾಕಿಲ್ಲ” ಎಂದು ಅಲ್ಲೇ ನಿಲ್ಲಿಸಿದ. ಅವನು ಬೆನ್ನು ತಿರುಗಿಸಿದ್ದೇ ತಡ, ಆ ತಾಯಿ ದಡಕ್ಕನೆ ನೆಲಕ್ಕೆ ಹಾರಿ ಸೆರಗು ಕೊಡವಿಕೊಂಡು ಕಡಲೆಪುರಿ ಅಂಗಡಿಯ ಕಡೆ ನಡೆದಳು.

“ಏನವ್ವಾ, ಮಂಡಿನೋವು ಓಯ್ತಾ?” ಎಂದು ನನ್ನ ಹೆಂಡತಿ ಕೇಳಿದಳು.

“ನಂಗೆಲ್ಲಿ ನೋವು ತಾಯಿ, ನನ್ ಮಗಂಗೇ ಬುದ್ಧಿಗ್ ನೋವು” ಎಂದಳು ಆಕೆ, ನಿಲ್ಲದೆ.

ಇವರನ್ನೆಲ್ಲ ಬೈದೋ ನಕ್ಕೋ ಸುಧಾರಿಸಿಕೊಂಡೆ. ಸುಧಾರಿಸಲಾಗದವನು ಒಬ್ಬ ತೆಂಗಿನಕಾಯಿ ವ್ಯಾಪಾರಿ. ನನ್ನದೇ ವಯಸ್ಸು. ಹೊಸ ಟೈರುಗಾಡಿ, ನೋಡಿದರೆ ದೃಷ್ಟಿಯಾಗುವಂಥ ಎತ್ತುಗಳು. ಸಂತೆಯಲ್ಲಿ ಕಾಯಿ ಕೊಂಡು, ಕಟ್ಟೆಯ ಮೇಲೆ ರಾಶಿ ಹಾಕಿಸಿ, ಅಲ್ಲಿಂದ ಗಾಡಿಗೆ ತುಂಬಿ, ಸಂಜೆ ರಸ್ತೆಗೆ ಬರುವ ಲಾರಿಗೆ ಸೇರಿಸುತ್ತಿದ್ದ. ನಮಗಿಂತ ಮುಂಚೆ ಬಂದು ಬರಹದ ಎದುರಿಗೇ ಎತ್ತು ಬಿಚ್ಚುತ್ತಿದ್ದ. ನಮ್ಮ ಕಡೆ ಒಂದು ಕಟ್ಟುಪಾಡು. ಎತ್ತು ಬಿಚ್ಚಿ ನಿಲ್ಲಿಸಿದ ಗಾಡಿಯನ್ನು ಅದರ ಯಜಮಾನ ಬಂದು ಹೂಡುವ ತನಕ ಬೇರೆ ಯಾರೂ ಮುಟ್ಟುವಂತಿಲ್ಲ. ಇನ್ನೊಬ್ಬನ ನೊಗಕ್ಕೆ ಕೈ ಹಾಕಿದವನಿಗೆ ಜಗಳ ಬೇಕು ಎಂದೇ ಅರ್ಥ, ಎರಡು ಊರು ಎದುರುಬದುರು ನಿಲ್ಲುವ ಜಗಳ. ಹಾಗಾಗಿ ಅವನ ಗಾಡಿಯನ್ನು ಸರಿಸಲು ಸಂತೆಯ ಸುಂಕ ಎತ್ತುವ ಸುಂಕದವನೂ ಬರುತ್ತಿರಲಿಲ್ಲ.

ಒಂದು ವಾರ ನಾನು ಜಾಗ ಬಿಡೆಂದು ಕೂಗಿದ್ದಕ್ಕೆ ಅವನು ತನ್ನ ಇಬ್ಬರು ಆಳುಗಳಿಗೆ, “ಓಗ್ರಲಾ, ಪಾಪ, ಅವನ್ನ ಎತ್ತಿ ಕೆಳೀಕ್ ಮಡಗಿ” ಎಂದ. ಬೇಡ ಬೇಡ ಎನ್ನುತ್ತಿದ್ದ ಹಾಗೆಯೇ ಎತ್ತಿ ಹಗ್ಗದ ಹೊರೆಯ ಪಕ್ಕದಲ್ಲಿ ಇಟ್ಟರು. ಸುತ್ತ ನಿಂತವರು ವ್ಯಾಪಾರಿಯನ್ನೇ ಹೊಗಳಿದರು, ಎಷ್ಟು ಒಳ್ಳೆಯ ಮನುಷ್ಯ ಎಂದು! ಅವತ್ತು ನಾನು ಒಂದು ಹಗ್ಗವನ್ನೂ ಮಾರಲಿಲ್ಲ. ಕೊಳ್ಳಲು ಬಂದವರನ್ನೆಲ್ಲ ಇಲ್ಲವೆಂದು ಕಳಿಸಿದೆ. ಹೆಂಡತಿ ಹೊರೆಯನ್ನು ಹಾಗೆಯೇ ಮತ್ತೆ ಗಾಡಿಗೆ ಹೇರಿದಳು.

ಮುಂದಿನ ವಾರ ಹೋದಾಗ ಟೈರುಗಾಡಿ ಅಲ್ಲೇ ನಿಂತಿತ್ತು. ಹಿಂಭಾಗ ಕಟ್ಟೆಗೆ, ಒಂದು ಪಕ್ಕ ಗೋಡೆ, ಇನ್ನೊಂದು ಪಕ್ಕ ಬೇರೆ ಗಾಡಿಗಳ ಸಾಲು. ಹೊರಗೆ ಬರಬೇಕೆಂದರೆ ಮುಂದಕ್ಕೇ ಬರಬೇಕು.

“ಇವತ್ತೂ ನಿಂತವ್ನಲ್ಲ ಬಾವ. ಮನೆಗ್ ತಿರುಗ್ಸನಾ?” ಎಂದಳು ಹೆಂಡತಿ.

“ಎತ್ ಬಿಚ್ಚು.”

“ಎಲ್ಲಿ?”

“ಇಲ್ಲೇ. ಅವನ್ ನೊಗದ್ ಮುಂದುಕ್ಕೆ, ಅಡ್ಡಲಾಗಿ.”

ಅವಳು ಆ ಗಾಡಿಯನ್ನು ನೋಡಿದಳು, ನನ್ನನ್ನು ನೋಡಿದಳು, ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡಳು. ಎತ್ತು ಬಿಚ್ಚಿ, ಗಾಡಿ ಬಾಗದ ಹಾಗೆ ಮುಂದೆ ಕವೆಗೋಲು ಆನಿಸಿ, “ಒಳೇಲಿ ಇವುಕ್ಕೆ ಮೈ ತೊಳ್ದು ಒಸಿ ಮೇಯಿಸ್ಕೊಂಡು ಬತ್ತೀನಿ. ಆತ್ರ ಇಲ್ಲ ಅಲ್ವಾ?” ಎಂದಳು.

“ನಂಗ್ಯಾವ ಆತ್ರ? ಬುಡು” ಎಂದೆ. ಅವಳು ಎತ್ತುಗಳನ್ನು ಶಿಂಷಾ ಹೊಳೆಯ ಕಡೆಗೆ ಹೊಡೆದುಕೊಂಡು ಹೋದಳು. ನಾನು ಗಾಡಿಯ ಮೇಲೆಯೇ ಕೂತು ಹಗ್ಗ ಹರಡಿದೆ.

ಬಿಸಿಲು ನೆತ್ತಿಗೆ ಬಂದಾಗ ವ್ಯಾಪಾರಿ ಕಾಯಿ ತುಂಬಿಸಿ, ಎತ್ತು ಹಿಡಿದುಕೊಂಡು ಬಂದ.

“ಏನ್ಲಾ ಇದು? ದಾರಿಗ್ ಅಡ್ಡ ಬುಟ್ಟಿದ್ದೀಯಲ್ಲ?”

“ನನ್ ಜಾಗದಲ್ಲಿ ನೀನ್ ಬುಟ್ಟಿದ್ದೀಯ, ನಿನ್ ದಾರೀಲಿ ನಾನ್ ಬುಟ್ಟಿವ್ನಿ.”

“ತಮಾಸೆ ಆಡ್ಬ್ಯಾಡ ಕಣ್ಲಾ, ಸಂಜೆ ಲಾರಿಗೆ ಕಾಯಿ ಸೇರ್ಬೇಕು.”

“ಸೇರ್ಲಿ. ಕಾಯೇನ್ ನಾನ್ ಇಡ್ಕೊಂಡಿದ್ದೀನಾ?”

“ಆಳ್ಗಳ್ ಕರೀತೀನಿ. ಇಳ್ಸ್ತಾರೆ ನಿನ್ನ.”

“ನನ್ನ ಇಳ್ಸುದ್ರೆ ಗಾಡಿ ಓಯ್ತದಾ? ಈಗ ಅದುಕ್ಕೂ ಕಾಲಿಲ್ಲ. ಅದ್ರ ಕಾಲು ಒಳೇಲಿ ಮೈ ತೊಳ್ಕೋತಾವೆ.”

ಸುತ್ತಲಿನವರು ಗೊಳ್ಳೆಂದು ನಕ್ಕರು. ಅವನು ಕೆಂಪಾಗಿ ಆಳುಗಳಿಗೆ ಗಾಡಿ ತಳ್ಳಲು ಹೇಳಿದ. ಅವರಲ್ಲಿ ದೊಡ್ಡವನು ಒಂದು ಹೆಜ್ಜೆ ಹಿಂದೆ ಸರಿದ. “ಬ್ಯಾಡಿ ಸಾವ್ಕಾರ್ರೆ. ಎತ್ ಬಿಚ್ಚಿರೋ ಗಾಡಿ. ಬೇಕಾದ್ರೆ ನೀವೇ ಕೈ ಆಕಿ, ನಾವ್ ಆಕಾಕಿಲ್ಲ” ಎಂದ. ವ್ಯಾಪಾರಿ ನನ್ನ ನೊಗದ ಹತ್ತಿರದವರೆಗೆ ಬಂದ. ಜನವೆಲ್ಲ ಅವನ ಕೈಯನ್ನೇ ನೋಡುತ್ತಿದ್ದರು. ಕೈ ಮುಂದೆ ಬರಲಿಲ್ಲ. ಇಷ್ಟು ವಾರ ಅವನ ಗಾಡಿಯನ್ನು ಕಾದ ಕಟ್ಟುಪಾಡು ಅವತ್ತು ನನ್ನದನ್ನು ಕಾಯಿತು.

ಅಷ್ಟರಲ್ಲಿ ಸುಂಕದವನು ಬಂದ. “ನೋಡಪ್ಪ, ಬರೆದಿರೋದೇನೋ ಸರಿ. ಆದ್ರೂ ಒಸಿ ಒಂದಾಣ್ಕೆ ಮಾಡ್ಕೋಬೇಕು. ಆ ಮೂಲೇಲಿ ಹುಣಸೆ ಮರದ್ ತಾವು ನಿಂಗೇ ಅಂತ ಒಂದ್ ದಿಬ್ಬ ಆಕಿಸ್ಕೊಡ್ತೀನಿ. ಅಲ್ಲಿಗ್ ಯಾರೂ ಬರಾಕಿಲ್ಲ” ಎಂದ.

“ಯಾರೂ ಬರ್ದಿರೋ ತಾವು ಅಗ್ಗ ಯಾರ್ಗ್ ಮಾರ್ಲಿ ಸ್ವಾಮಿ? ಹುಣಸೆ ಮರಕ್ಕಾ?”

“ಒಬ್ಬನ್ನ ಬುಟ್ರೆ ನಿನ್ ಗಂಟೇನ್ ಓಯ್ತದ್ಲಾ? ಪಾಪ ಅಂತ ಇಷ್ಟ್ ದಿನ ಸುಮ್ಕಿದ್ದೆ” ಎಂದ ವ್ಯಾಪಾರಿ, ದನಿ ತಗ್ಗಿಸಿ.

“ಪಾಪ ಅನ್ಬ್ಯಾಡ. ಬೈಯಿ, ಕೇಳಿಸ್ಕೋತೀನಿ. ಪಾಪ ಅಂದ್ರೆ ಸಂಜೆ ತಿರುಗುದ್ರೂ ಗಾಡಿ ತೆಗೆಯಾಕಿಲ್ಲ.”

ಹೆಂಡತಿಯನ್ನು ಕರೆತರಲು ಹೊಳೆಗೆ ಆಳನ್ನು ಕಳಿಸಿದರು. ಅವನು ಒಬ್ಬನೇ ವಾಪಸು ಬಂದ. “ಎತ್ಗಳು ಮಲ್ಗವಂತೆ. ಎಬ್ಬಿಸುದ್ರೆ ಕ್ವಾಪ ಮಾಡ್ಕೋತವಂತೆ” ಎಂದ. ಮತ್ತೆ ನಗು. ಜನರ ನಡುವಿನಿಂದ ಒಬ್ಬ ಮುದುಕ, “ಲೇ ಅಗ್ಗದೋನೆ, ಒಂದ್ ಕಣ್ಣಿ ಕೊಡ್ಲಾ, ಜಗಳ ನೋಡ್ತಾ ನೋಡ್ತಾ ಯಾಪಾರಾನೂ ಆಗ್ಲಿ” ಎಂದ. ಕೊಟ್ಟೆ. ಎಳೆದು ನೋಡಿಯೇ ತೆಗೆದುಕೊಂಡ.

ಕೊನೆಗೆ ವ್ಯಾಪಾರಿ ಕೂಲಿಯವರನ್ನು ಕರೆಸಿದ. ತುಂಬಿದ ಕಾಯಿಯನ್ನೆಲ್ಲ ಮತ್ತೆ ಕಟ್ಟೆಗೆ ಸುರಿದು, ಬುಟ್ಟಿಗೆ ತುಂಬಿ, ತಲೆಯ ಮೇಲೆ ಹೊತ್ತು ರಸ್ತೆಯ ಲಾರಿಗೆ ಸಾಗಿಸಿದರು. ಅವನು ಬುಟ್ಟಿ ಬುಟ್ಟಿಗೂ ನನ್ನ ವಂಶವನ್ನೆಲ್ಲ ಬೈದ. ನಾನು ಹೇಳಿದ ಮಾತಿಗೆ ತಪ್ಪಲಿಲ್ಲ, ಕೂತು ಕೇಳಿಸಿಕೊಂಡೆ.

ಹೊತ್ತು ಇಳಿದ ಮೇಲೆ ಹೆಂಡತಿ ಬಂದಳು. ಹೂಡಿದಳು, ಮುಂದಕ್ಕೆ ಸರಿದೆವು. ವ್ಯಾಪಾರಿ ತನ್ನ ಖಾಲಿ ಗಾಡಿಯನ್ನು ಹೊಡೆದುಕೊಂಡು ಹೋದ. ಸಂತೆ ಆಗಲೇ ಬರಿದಾಗಿತ್ತು.

“ಇನ್ಯಾಕೆ ಕಟ್ಟೆ, ಮನೆಗ್ ಓಗನ ಬಾವ” ಎಂದಳು.

“ಇಳೀಬೇಕು” ಎಂದೆ.

ಗಾಡಿಯನ್ನು ಕಟ್ಟೆಗೆ ಒತ್ತಿದೆವು. ಕೈ ಊರಿ ಇಳಿದೆ. ಉಳಿದ ಹಗ್ಗ ಗಾಡಿಯಲ್ಲೇ ಇತ್ತು, ಕೊಳ್ಳುವುದಕ್ಕೆ ಯಾರೂ ಇರಲಿಲ್ಲ. ಸುಮ್ಮನೆ ಕೂತು ಒಂದು ಬೀಡಿ ಸೇದಿ, ಮತ್ತೆ ನಾನೇ ಗಾಡಿಗೆ ಹತ್ತಿಕೊಂಡೆ.

ಇದಕ್ಕೆ ತೆರಬೇಕಾದದ್ದನ್ನೂ ತೆತ್ತೆ. ವ್ಯಾಪಾರಿ ತನಗೆ ಕಾಯಿ ಕೊಡುವ ರೈತರಿಗೆಲ್ಲ ನನ್ನ ಹತ್ತಿರ ಹಗ್ಗ ಕೊಳ್ಳಬೇಡಿ ಎಂದು ಹೇಳಿದ. ಆ ಬೇಸಿಗೆಯಲ್ಲಿ ಹಗ್ಗ ಉಳಿದು, ಮಳವಳ್ಳಿಯ ಸಂತೆಗೂ ಗಾಡಿ ಕಟ್ಟಬೇಕಾಯಿತು. ಅಲ್ಲಿ ಕಟ್ಟೆ ಇರಲಿಲ್ಲ. ಬಿಸಿಲಿನಲ್ಲಿ ಗಾಡಿಯ ಮೇಲೆಯೇ ಕೂತು ಮಾರಿದೆ, ಯಾರನ್ನೂ ಇಳಿಸಿ ಎನ್ನಲಿಲ್ಲ. ನಂಟರು, “ಅಷ್ಟು ಅಟ ಯಾಕ್ಲಾ ನಿಂಗೆ, ಯಾರೋ ಇಬ್ರು ಎತ್ತಿ ಇಳ್ಸುದ್ರೆ ಏನ್ ಸವೆದೋಯ್ತದೆ?” ಎಂದರು. ಸವೆಯುವುದು ಏನೆಂದು ಎತ್ತಿಸಿಕೊಂಡವನಿಗೇ ಗೊತ್ತು. ಮದ್ದೂರಿನ ಸಂತೆಯನ್ನು ಮಾತ್ರ ಒಂದು ವಾರವೂ ತಪ್ಪಿಸಲಿಲ್ಲ.

ಮಳೆ ಹಿಡಿಯುವ ಮುಂಚೆ ಒಂದು ದಿನ ನಾವು ಹೋಗುವಾಗ ಬೇರೆ ಊರಿನವನೊಬ್ಬ ಬರಹದ ಎದುರು ಎತ್ತು ಬಿಚ್ಚಲು ಹೊರಟಿದ್ದ. ಕಟ್ಟೆಯ ಆ ಕೊನೆಯಲ್ಲಿ ಕಾಯಿ ತುಂಬಿಸುತ್ತಿದ್ದ ವ್ಯಾಪಾರಿ ಅವನಿಗೆ ಕೂಗಿ ಹೇಳಿದ.

“ಏಯ್, ಅಲ್ಲಿ ಬುಡ್ಬ್ಯಾಡ ಕಣ್ಲಾ! ಅದು ಕುಂಟನ ಜಾಗ. ಆ ನನ್ಮಗ ಅಡ್ಡ ಬುಟ್ರೆ ಬೈಗಾದ್ರೂ ತೆಗೆಯಾಕಿಲ್ಲ!”

ಅವನು ಗಾಬರಿಯಾಗಿ ಗಾಡಿ ಮುಂದಕ್ಕೆ ಹೊಡೆದ.

“ಬೈತಾವ್ನಲ್ಲ ಬಾವ” ಎಂದಳು ಹೆಂಡತಿ.

“ಬೈಲಿ ಬುಡು. ಜಾಗ ಖಾಲಿ ಅದಲ್ಲ. ಎತ್ನ ಇಂದುಕ್ ಒತ್ತು” ಎಂದೆ.